ರೇಷ್ಮೆಯಲ್ಲಿ ಸಿಕ್ಕ ಕುರಿ

"ಇದರಲ್ಲಿ ಕುರಿ ಇದೆ."

ಅವನು ಅವಳೊಂದಿಗೆ ಆಡಿದ ಮೊದಲ ಮಾತೇ ಇದು. ಬನ್ನಿ ಎನ್ನಲಿಲ್ಲ, ಕೂತುಕೊಳ್ಳಿ ಎನ್ನಲಿಲ್ಲ.

"ಏನಿದೆ?"

"ಕುರಿ." ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. "ನೀವು ಕೊಟ್ಟಿರೋ ರೇಷ್ಮೆ ಪ್ರೋಟೀನ್ ಸರಿಯಾಗೇ ಇದೆ. ಜೊತೆಗೆ ಕುರಿ ಉಣ್ಣೆಯ ಪ್ರೋಟೀನೂ ಇದೆ. ಸ್ವಲ್ಪವೇ... ಆದ್ರೆ ಇದೆ."

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ರೇಷ್ಮೆ ಎಂದೇ ಕರೆಯುತ್ತಿದ್ದರು. ರೇಷ್ಮೆಗೂಡುಗಳನ್ನು ಸೋಡಾ ನೀರಿನಲ್ಲಿ ಕುದಿಸಿ, ಅಂಟು ತೆಗೆದು, ಎಳೆಗಳನ್ನು ಕರಗಿಸಿ, ಉಪ್ಪು ಕಳೆದು, ಉಳಿದ ಪ್ರೋಟೀನನ್ನು ಗಾಜಿನ ಮೇಲೆ ಸುರಿದು ಒಣಗಿಸಿದರೆ ತೆಳ್ಳಗಿನ, ತಿಳಿಯಾದ ಪೊರೆಯೊಂದು ಬರುತ್ತದೆ. ಗಾಯವಾದ ಕಣ್ಣಿನ ಮೇಲೆ ಅದನ್ನು ಕೂರಿಸಿದರೆ ಗಾಯ ಬೇಗ ಮಾಯುತ್ತದೆ ಎಂಬುದು ಅವಳ ಇಷ್ಟು ವರ್ಷಗಳ ಕೆಲಸದ ಸಾರ. ಆದರೆ ಪೊರೆಯಲ್ಲಿ ರೇಷ್ಮೆಯ ಹೊರತು ಬೇರೇನೂ ಇಲ್ಲ ಎಂದು ಯಂತ್ರದ ಕೋಣೆಯವರು ಸಹಿ ಹಾಕದೆ ಕಣ್ಣಿನ ಆಸ್ಪತ್ರೆಯವರು ಅದನ್ನು ಮುಟ್ಟುವಂತಿರಲಿಲ್ಲ.

ಆ ಕೋಣೆಗೆ ಹೊಸದಾಗಿ ಬಂದವನು ಇವನು. ಅಲ್ಲಿನ ಯಂತ್ರ ಪ್ರೋಟೀನಿನ ಚೂರುಗಳನ್ನು ತೂಗಿ, ತೂಕ ನೋಡಿಯೇ ಇದು ಇಂಥ ಪ್ರಾಣಿಯದು ಎಂದು ಹೇಳುತ್ತದೆ. ಹಾಗಾಗಿ ಬಂದ ವಾರದಲ್ಲೇ ಇವನಿಗೆ ತಕ್ಕಡಿ ಎಂಬ ಹೆಸರು ಬಿದ್ದಿತ್ತು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

"ಮನುಷ್ಯರ ಚರ್ಮದ ಪ್ರೋಟೀನ್ ಎಲ್ಲರ ಸ್ಯಾಂಪಲ್‌ನಲ್ಲೂ ಬರುತ್ತೆ, ಅದನ್ನ ಯಾರೂ ತಲೆಗೆ ಹಚ್ಕೊಳ್ಳಲ್ಲ," ಎಂದ ತಕ್ಕಡಿ. "ಕುರಿ ಬರೋದು ಮಾತ್ರ..."

ಅವಳ ಕಣ್ಣು ಪರದೆ ಬಿಟ್ಟು ಅವನ ಮೈಮೇಲೆ ನಿಂತಿತು. ಯಂತ್ರಕ್ಕಾಗಿ ಆ ಕೋಣೆಯನ್ನು ಸದಾ ತಣ್ಣಗೆ ಇಡುತ್ತಾರೆ. ಅವನು ಬೂದು ಬಣ್ಣದ ದಪ್ಪ ಸ್ವೆಟರ್ ತೊಟ್ಟಿದ್ದ. ಅದರ ತೋಳು ಬೆರಳ ಗೆಣ್ಣಿನವರೆಗೂ ಇಳಿದಿತ್ತು.

"ಆ ಸ್ವೆಟರ್ ಯಾವುದರದ್ದು?"

ಅವನು ಬಗ್ಗಿ ನೋಡಿಕೊಂಡ. "ಶುದ್ಧ ಉಣ್ಣೆ. ಅಕ್ಕ ಹೆಣೆದದ್ದು."

"ಹಾಗಾದ್ರೆ ಕುರಿ ನನ್ನ ರೇಷ್ಮೆಯಲ್ಲಿಲ್ಲ, ನಿಮ್ಮ ಮೈಮೇಲಿದೆ."

ಅವನು ಜಗಳಕ್ಕೆ ಬರಲಿಲ್ಲ. "ಇರಬಹುದು," ಎಂದ. ಎದ್ದು ಹೊರಗೆ ಹೋಗಿ ಸ್ವೆಟರ್ ಬಿಚ್ಚಿ ಬಾಗಿಲ ಪಕ್ಕದ ಮೊಳೆಗೆ ನೇತು ಹಾಕಿ, ತೆಳು ಅಂಗಿಯಲ್ಲಿ ಮತ್ತೆ ಒಳಗೆ ಬಂದು ಕೂತ. ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಜಗಳವಾಡದವರ ಮೇಲೆ ಬರುವ ಸಿಟ್ಟಿಗೆ ಇಳಿಯಲು ದಾರಿ ಇರುವುದಿಲ್ಲ.

ಸುದ್ದಿ ಮಧ್ಯಾಹ್ನದೊಳಗೆ ಎಲ್ಲ ಮೇಜುಗಳಿಗೂ ತಲುಪಿತು. ರೇಷ್ಮೆ ಹುಳಕ್ಕೆ ಕೊಂಬು ಬಂದಿದೆಯಂತೆ ಎಂದು ಯಾರೋ ನಕ್ಕರು.

ಕೋಣೆಯನ್ನು ಒರೆಸಿ, ಗಾಳಿಯ ಜಾಲರಿ ತೊಳೆದು, ಕುರ್ಚಿಯ ಬಟ್ಟೆಯನ್ನೂ ಬದಲಾಯಿಸಿ ತಕ್ಕಡಿ ಅವಳ ಸ್ಯಾಂಪಲ್‌ಗಳನ್ನು ಮತ್ತೆ ತೂಗಿದ. ಮತ್ತೆ ಕುರಿ. ಸೀಸೆಗಳು ಅವೇ ಹಳೆಯವು, ಉಣ್ಣೆ ಮೊದಲೇ ಒಳಗೆ ಬಿದ್ದಿದೆ ಎಂದಳು ಅವಳು. ಇರಬಹುದು ಎಂದ ಅವನು. ಅವಳು ತನ್ನ ಕೋಣೆಯಲ್ಲೇ ಮುಚ್ಚಿಟ್ಟಿದ್ದ ಬೇರೆ ಸೀಸೆ ತಂದಳು. ಅದರಲ್ಲೂ ಕುರಿ. ಮುಚ್ಚಳ ತೆಗೆದದ್ದು ಇಲ್ಲೇ ಅಲ್ಲವೇ ಎಂದಳು. ಎತ್ತು ಈಯಿತು ಎಂದು ತಾನೇ ಸಾರಿ, ಕರುವನ್ನು ಕಟ್ಟಲು ಕೊಟ್ಟಿಗೆಯನ್ನೂ ಅವಳೇ ಹುಡುಕುತ್ತಿದ್ದಳು.

ಒಂದೊಂದು ಸ್ಯಾಂಪಲ್ ತೂಗಿ ಮುಗಿಯುವುದಕ್ಕೆ ಬಹಳ ಹೊತ್ತು ಬೇಕು. ಅವನನ್ನು ನಂಬದ ಕಾರಣ ಅವಳು ಪಕ್ಕದಲ್ಲೇ ಕೂರುತ್ತಿದ್ದಳು. ಕೂತವಳು ನೋಡದೆ ಇರುವುದು ಹೇಗೆ?

ಮೇಜಿನ ಕೆಳಗೆ ಯಂತ್ರದ ಪಂಪು ಬಿಸಿಯಾಗಿ ಗುಂಯ್‌ಗುಡುತ್ತಿತ್ತು. ಅವನು ಆಗಾಗ ಬಗ್ಗಿ ಅದರ ಮೇಲೆ ಎರಡೂ ಅಂಗೈ ಇಡುತ್ತಿದ್ದ. ಕೈ ಬೆಚ್ಚಗಾದ ಮೇಲೆಯೇ ಅವಳ ಸೀಸೆಗಳನ್ನು ಮುಟ್ಟುತ್ತಿದ್ದ. ಮರಗಟ್ಟಿದ ಬೆರಳಿನಿಂದ ಹನಿ ತಪ್ಪಿದರೆ ಅವಳ ತಿಂಗಳುಗಳ ಕೆಲಸ ನೆಲದ ಪಾಲು ಎಂದು ಅವನಿಗೆ ಗೊತ್ತಿತ್ತು.

"ಚಳಿ ಆಗಲ್ವಾ?" ಒಂದು ದಿನ ಅವಳೇ ಕೇಳಿಬಿಟ್ಟಳು.

"ಆಗುತ್ತೆ."

"ಬೇರೆ ಏನಾದ್ರೂ ಹಾಕ್ಕೋಬಹುದಲ್ಲ?"

"ಬೇರೆದಕ್ಕೆ ಇನ್ಯಾವ ಪ್ರಾಣಿ ಅಂಟ್ಕೊಂಡಿರುತ್ತೋ ಯಾರಿಗ್ಗೊತ್ತು?"

ಅವಳು ನಕ್ಕಳು. ನಕ್ಕಿದ್ದಕ್ಕೆ ತನ್ನ ಮೇಲೆ ತಾನೇ ಮುನಿಸಿಕೊಂಡಳು.

ನಿಧಾನಕ್ಕೆ ಮಾತು ಬೆಳೆಯಿತು. ತಾಯಿ ಹೋದ ಮೇಲೆ ಅಕ್ಕನೇ ಅವನನ್ನು ಸಾಕಿದ್ದು. ಈ ಕೆಲಸ ಸಿಕ್ಕಿದಾಗ ತಮ್ಮನಿಗೆ ಚಳಿಯ ಕೋಣೆ ಎಂದು ಕೇಳಿ, ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಸ್ವೆಟರ್ ಹೆಣೆದಿದ್ದಳಂತೆ. ರೇಷ್ಮೆ ತನ್ನ ಅಜ್ಜಿಯ ವಿಷಯ ಹೇಳಿದಳು. ಅಜ್ಜಿಯ ಎಡಗಣ್ಣಿಗೆ ಹಳೆಯ ಗಾಯ. "ಎಲ್ಲರೂ ಕಣ್ಣಿನ ಪೊರೆ ತೆಗೆಸ್ತಾರೆ, ನೀನೇನೇ ಹಾಕ್ತೀನಿ ಅಂತೀಯ?" ಎಂದು ಅಜ್ಜಿ ದಿನಾ ಕೇಳುತ್ತಾಳೆ ಎಂದಾಗ ಅವನು ಗಟ್ಟಿಯಾಗಿ ನಕ್ಕ. ಆ ನಗು ಅವಳಿಗೆ ಇಷ್ಟವಾಯಿತು. ಮನೆಗೆ ಹೋದ ಮೇಲೂ ನೆನಪಾಯಿತು.

*ಇವನು ಒಳ್ಳೆಯವನೇ... ಆ ಹಾಳು ಸ್ವೆಟರ್ ಒಂದು ಇರದಿದ್ದರೆ.*

ಕಣ್ಣಿನ ಆಸ್ಪತ್ರೆಯಿಂದ ವಿಚಾರಣೆ ಬಂದ ದಿನ ಅವಳು ವರದಿ ತಂದು ಅವನ ಮುಂದಿಟ್ಟಳು. "ಕುರಿ ಈ ಕೋಣೆಯಿಂದ ಬಂದದ್ದು ಅಂತ ಕೆಳಗೆ ಒಂದು ಸಾಲು ಬರೆದು ಸಹಿ ಹಾಕಿ. ಮುಗೀತು."

"ಎಲ್ಲಿಂದ ಬಂತು ಅಂತ ಗೊತ್ತಿಲ್ಲದೆ ಹೇಗೆ ಬರೀಲಿ?"

"ನೀವೇ ಇರಬಹುದು ಅಂದ್ರಲ್ಲ?"

"ಇರಬಹುದು ಅಂದೆ. ಹೌದು ಅನ್ಲಿಲ್ಲ. ಇದು ಯಾರದೋ ಕಣ್ಣಿಗೆ ಹೋಗೋದು."

"ಅಂದ್ರೆ ನನಗೆ ಅಷ್ಟೂ ಗೊತ್ತಿಲ್ವಾ?" ಅವಳು ವರದಿಯನ್ನು ವಾಪಸು ಎಳೆದುಕೊಂಡಳು. ಇಷ್ಟು ದಿನ ಪಕ್ಕದಲ್ಲಿ ಕೂತು ಮಾತಾಡಿದ್ದೆಲ್ಲ ಇದಕ್ಕೇನಾ... ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎನಿಸಿತು. ನೇರವಾಗಿ ಮೇಡಂ ಕೋಣೆಗೆ ಹೋದಳು.

ಮೇಡಂ ಪ್ರಯೋಗಾಲಯದ ಮುಖ್ಯಸ್ಥೆ. ಕನ್ನಡಕದ ಮೇಲಿಂದ ನೋಡುತ್ತಾ ಪೂರ್ತಿ ಕೇಳಿಸಿಕೊಂಡರು. ಅವನನ್ನು ಖಾಯಂ ಮಾಡಬೇಕೋ ಬೇಡವೋ ಎಂಬ ಕಾಗದ ಅವರ ಮೇಜಿನ ಮೇಲೇ ಇತ್ತು.

"ಉಣ್ಣೆ ಹಾಕ್ಕೊಂಡು ಆ ಕೋಣೆಲಿ ಕೂತಿದ್ದ ಅನ್ನೋದು ನಿಜ ಆದ್ರೆ ಅವನನ್ನ ಇಟ್ಕೊಳೋಕಾಗಲ್ಲ," ಎಂದರು. "ಸ್ವೆಟರ್ ಪರೀಕ್ಷೆ ಮಾಡಿ ನಾಳೆ ಬರೆದು ಕೊಡು. ಬರೀ ಬಾಯಿ ಮಾತು ಬೇಡ."

ಹೊರಗೆ ಬಂದ ಮೇಲೆ ಅವಳ ಎದೆ ಭಾರವಾಯಿತು. ಗೆದ್ದವಳಿಗೆ ಹೀಗಾಗಬಾರದಿತ್ತು.

ಮೊಳೆಯಲ್ಲಿ ಸ್ವೆಟರ್ ಅಂದಿನಿಂದಲೂ ಹಾಗೇ ನೇತಾಡುತ್ತಿತ್ತು. ತೋಳಿನ ತುದಿಯಲ್ಲಿ ಬಿಚ್ಚಿದ್ದ ಒಂದು ಎಳೆಯನ್ನು ಕತ್ತರಿಸಿಕೊಂಡು ತನ್ನ ಮೇಜಿಗೆ ಬಂದು ಸ್ಪಿರಿಟ್ ದೀಪ ಹಚ್ಚಿದಳು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ.

ಎಳೆಯನ್ನು ಚಿಮಟದಲ್ಲಿ ಹಿಡಿದು ಉರಿಗೆ ಒಡ್ಡಿದಳು.

ಅದು ಕರಗಿತು. ಚಟಚಟ ಎಂದು ಉರಿದು, ಮುದುಡಿ, ಕಪ್ಪು ಮಣಿಯಾಗಿ ಗಟ್ಟಿಯಾಯಿತು. ಕೂದಲಿನ ವಾಸನೆ ಸುತರಾಂ ಇಲ್ಲ. ಉಗುರಿನಿಂದ ಒತ್ತಿದರೆ ಪುಡಿಯಾಗಲಿಲ್ಲ.

ಅಕ್ರಿಲಿಕ್. ಕಾರ್ಖಾನೆಯಲ್ಲಿ ತಯಾರಾದ ದಾರ. ಅದಕ್ಕೂ ಕುರಿಗೂ ನೆಂಟಸ್ತಿಕೆಯೇ ಇಲ್ಲ. ಪಾಪ, ಅಕ್ಕನಿಗೆ ಯಾವನೋ ಅಂಗಡಿಯವನು ಶುದ್ಧ ಉಣ್ಣೆ ಎಂದು ಹೇಳಿ ಮಾರಿದ್ದ. ತಮ್ಮ ನಂಬಿದ್ದ. ಹಗಲೆಲ್ಲ ಪಾಲಿಮರ್‌ಗಳ ನಡುವೆ ಬದುಕುವ ಇವಳೂ ಮುಟ್ಟಿ ನೋಡದೆ ನಂಬಿಬಿಟ್ಟಿದ್ದಳು.

ಅವಳು ಆ ಮಣಿಯನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತಳು. ಸುತ್ತ ಯಾರೂ ಇರಲಿಲ್ಲ. ಇದನ್ನು ಕಸದ ಡಬ್ಬಿಗೆ ಹಾಕಿ ಸುಮ್ಮನಾದರೆ ಕೇಳುವವರೂ ಇರಲಿಲ್ಲ. ಆ ಯೋಚನೆ ಬಂದದ್ದು ನಿಜ, ಮುಚ್ಚಿಡುವುದೇಕೆ? ಬಂತು, ಹೋಯಿತು. ಉಳಿದದ್ದು ಪಂಪಿನ ಮೇಲೆ ಇಟ್ಟ ಎರಡು ಅಂಗೈಗಳ ನೆನಪು.

*ಸುಮ್ಮಸುಮ್ಮನೆ ಅವನನ್ನು ಚಳಿಯಲ್ಲಿ ಕೂರಿಸಿದೆನಲ್ಲ...*

ಹಾಗಾದರೆ ಕುರಿ ಎಲ್ಲಿಂದ ಬಂತು?

ಸಂಜೆ ಮನೆಗೆ ಬಂದಾಗ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು. ಅದರ ಗಾಜಿನ ಬಾಗಿಲಿನಲ್ಲಿ ಅವಳ ಇನ್ನೊಂದು ಬಿಳಿ ಕೋಟು ಕಾಣಿಸಿತು. ಸಂಸ್ಥೆಯಲ್ಲೇ ಕೋಟು ಒಗೆಯಲು ಕೊಡಬೇಕೆಂಬ ನಿಯಮವಿದೆ, ಆದರೆ ಅಲ್ಲಿ ಗುಂಡಿ ಮುರಿದು ಕೊಡುತ್ತಾರೆಂದು ಅಮ್ಮ ಒಪ್ಪುತ್ತಿರಲಿಲ್ಲ. ಕೋಟಿನ ತೋಳಿಗೆ ಏನೋ ಸುತ್ತಿಕೊಂಡು ತಿರುಗುತ್ತಿತ್ತು. ಬಿಳಿಯದು, ಅಂಚಿನಲ್ಲಿ ಕುಚ್ಚು ಇರುವುದು.

ಅಜ್ಜಿಯ ಶಾಲು.

ಅವಳು ಬಗ್ಗಿ ಯಂತ್ರದ ಗಾಜಿಗೆ ಮುಖ ಹಚ್ಚಿ ನೋಡಿದಳು.

"ಅಮ್ಮಾ, ನನ್ನ ಕೋಟಿನ ಜೊತೆ ಶಾಲು ಯಾವಾಗಿಂದ ಹಾಕ್ತಿದೀಯ?"

"ಯಾವಾಗ್ಲೂ ಹಾಕ್ತೀನಿ," ಅಮ್ಮ ಅಡುಗೆಮನೆಯಿಂದಲೇ ಹೇಳಿದಳು. "ಎರಡೂ ಬಿಳಿ ತಾನೇ. ಬಣ್ಣ ಹತ್ತಲ್ಲ."

"ಅದು ಉಣ್ಣೆ ಅಮ್ಮಾ. ಅದರ ಎಳೆ ಕೋಟಿಗೆ ಹತ್ತುತ್ತೆ. ಕೋಟಿನಿಂದ ನನ್ನ ರೇಷ್ಮೆಗೆ..." ಅಳು ಬಂತು, ಅದರ ಮಧ್ಯೆ ನಗುವೂ ಬಂತು.

ಕುರ್ಚಿಯಲ್ಲಿದ್ದ ಅಜ್ಜಿಗೆ ಅರ್ಧ ಅರ್ಥವಾಯಿತು, ಅಷ್ಟೇ ಸಾಕಾಯಿತು. "ಬಗಲಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ. ಯಾರ ಮೇಲಾದ್ರೂ ಹೊರಿಸಿದ್ಯೇನೇ?"

"ಹೂಂ ಅಜ್ಜಿ."

"ಒಳ್ಳೆಯವನಾ?"

ಅಜ್ಜಿ 'ಅವನು' ಎಂದು ಹೇಗೆ ಕಂಡುಕೊಂಡಳೋ ಅವಳಿಗೆ ತಿಳಿಯಲಿಲ್ಲ. ಒಂದೇ ಕಣ್ಣು ಕಾಣುವವರು ಕೆಲವೊಮ್ಮೆ ಹೆಚ್ಚೇ ನೋಡುತ್ತಾರೆ.

"ತುಂಬಾ."

ಬೆಳಿಗ್ಗೆ ಅವಳು ಕಪ್ಪು ಮಣಿಯನ್ನೂ ಒಗೆದ ಕೋಟನ್ನೂ ಮೇಡಂ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ತಪ್ಪು ನನ್ನದು ಎಂದಳು.

ಮೇಡಂ ಮಣಿಯನ್ನು ಪೆನ್ನಿನ ತುದಿಯಿಂದ ಉರುಳಿಸಿದರು. "ಇಲ್ಲಿವರೆಗೆ ಮಾಡಿದ ಪೊರೆ ಎಲ್ಲಾ ಎಸೀಬೇಕಾಗುತ್ತೆ. ಆಸ್ಪತ್ರೆಗೆ ನಾನು ಏನಂತ ಹೇಳ್ಲಿ?"

"ಇದನ್ನೇ ಹೇಳಿ ಮೇಡಂ. ನಾನು ಮೊದಲಿನಿಂದ ಮಾಡ್ತೀನಿ."

"ಅವನು ಸಹಿ ಹಾಕಿದ್ದಿದ್ರೆ ನಿನ್ನ ಕುರಿ ಯಾರದೋ ಕಣ್ಣಲ್ಲಿ ಮೇಯ್ತಾ ಇರೋದು," ಎಂದರು ಮೇಡಂ. ಬಹಳ ದಿನದಿಂದ ಕಾಯುತ್ತಿದ್ದ ಕಾಗದವನ್ನು ಹತ್ತಿರ ಎಳೆದುಕೊಂಡು, ತಕ್ಕಡಿಯನ್ನು ಖಾಯಂ ಮಾಡಲು ಸಹಿ ಹಾಕಿದರು. "ಹೋಗು. ಅವನಿಗೆ ನೀನೇ ಹೇಳು."

ಯಂತ್ರದ ಕೋಣೆಯಲ್ಲಿ ಅವನು ಎಂದಿನಂತೆ ತೆಳು ಅಂಗಿಯಲ್ಲಿದ್ದ. ಅವಳು ಒಳಗೆ ಬಂದಾಗ ಮುಖ ಎತ್ತಿದ. ಅವಳ ಒಂದು ಕೈಯಲ್ಲಿ ಅವನ ಸ್ವೆಟರ್, ಇನ್ನೊಂದರಲ್ಲಿ ತನ್ನ ಕೋಟು ಇತ್ತು.

"ಇದು ಉಣ್ಣೆ ಅಲ್ಲ. ಅಕ್ರಿಲಿಕ್. ಸುಟ್ಟು ನೋಡಿದೆ." ಒಂದೇ ಉಸಿರಿಗೆ ಹೇಳಿದಳು. "ಕುರಿ ನಮ್ಮನೇದು. ಅಜ್ಜಿ ಶಾಲು, ನನ್ನ ಕೋಟು, ಎರಡನ್ನೂ ಅಮ್ಮ ಒಟ್ಟಿಗೆ ಒಗೀತಾ ಇದ್ರು. ಮೇಡಂಗೆ ಎಲ್ಲಾ ಹೇಳಿದೀನಿ. ನಿಮ್ಮ ಕೆಲಸ ಖಾಯಂ ಆಯ್ತು. ನಾನು... ನಿಮ್ಮ ಹತ್ರ ತಪ್ಪಾಯ್ತು ಅಂತ ಹೇಳೋಕೆ ಬಂದೆ."

ಅವನು ಕೋಟಿಗಾಗಿ ಕೈ ಚಾಚಿದ. ತೋಳಿನಿಂದ ನಾಲ್ಕು ಎಳೆ ತೆಗೆದು ಸೀಸೆಗೆ ಹಾಕಿದ. ಕೇಳಿದ್ದನ್ನು ತೂಗದೆ ನಂಬುವ ಜಾತಿಯವನಲ್ಲ ಅವನು. ಅವಳು ಎಂದಿನ ಕುರ್ಚಿಯಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಪರದೆಯ ಮೇಲೆ ಗೆರೆಗಳು ಎದ್ದವು.

"ಕುರಿ," ಎಂದ.

"ಅಜ್ಜಿದು," ಎಂದಳು.

ಅವನು ನಗಲಿಲ್ಲ. "ನನಗೆ ಬೇಜಾರಾಗಿತ್ತು. ಚಳಿಗಲ್ಲ. ನಾಳೆಯಿಂದ ನೀವು ಇಲ್ಲಿ ಬಂದು ಕೂರಲ್ಲ ಅಂತ."

ಅವಳ ಕಣ್ಣು ತುಂಬಿತು. "ಹೊಸ ಪೊರೆ ಮಾಡ್ಬೇಕು. ಎಲ್ಲಾ ಮತ್ತೆ ತೂಗಿಸ್ಬೇಕು. ದಿನಾ ಬರ್ತೀನಿ."

"ಸರಿ." ಅವನು ಸ್ವೆಟರನ್ನು ಮಡಿಲಲ್ಲಿ ಇಟ್ಟುಕೊಂಡು ಅದರ ಹೆಣಿಗೆಯ ಮೇಲೆ ಬೆರಳಾಡಿಸಿದ. "ಒಂದು ಮಾತು. ಇದು ಉಣ್ಣೆ ಅಲ್ಲ ಅಂತ ಅಕ್ಕನಿಗೆ ಹೇಳ್ಬೇಡಿ."

"ನಾನ್ಯಾಕೆ ಹೇಳ್ಲಿ? ಅವರನ್ನ ನಾನೆಲ್ಲಿ ನೋಡ್ತೀನಿ?"

"ಭಾನುವಾರ ಬರ್ತಾಳೆ." ಅವನ ಕಿವಿ ಕೆಂಪಾಯಿತು. "ಇಷ್ಟೆಲ್ಲ ಅನ್ನಿಸ್ಕೊಂಡೂ ಅವಳ ಸ್ಯಾಂಪಲ್ಲೇ ತೂಗ್ತಾ ಕೂತಿದೀಯಲ್ಲ, ಅವಳು ನಿನಗೆ ಏನಾಗ್ಬೇಕು ಅಂತ ಕೇಳಿದ್ಲು."

"ನೀವೇನಂದ್ರಿ?"

"ಕೇಳಿ ಹೇಳ್ತೀನಿ ಅಂದೆ."

ಪಂಪು ಗುಂಯ್‌ಗುಡುತ್ತಲೇ ಇತ್ತು. ಅವಳು ಅವನನ್ನು ಪ್ರೀತಿಸುತ್ತಿದ್ದಳು. ಎಂದಿನಿಂದ ಎಂದು ತೂಗಿ ಹೇಳುವ ಯಂತ್ರ ಆ ಕೋಣೆಯಲ್ಲೂ ಇರಲಿಲ್ಲ. ಅವನ ಮಡಿಲಿನಿಂದ ಸ್ವೆಟರ್ ಎತ್ತಿಕೊಂಡು ಬಿಡಿಸಿ, ಹಾಕಿಕೊಳ್ಳಲು ಅವನ ಮುಂದೆ ಹಿಡಿದಳು.

"ತೋಳು ಹಾಕಿ," ಎಂದಳು. "ಭಾನುವಾರ ಅಕ್ಕ ಕೇಳಿದ್ರೆ, ಶುದ್ಧ ಉಣ್ಣೆ ಅಂತಾನೇ ಹೇಳ್ತೀನಿ."