ಬ್ರೆಡ್ ಬೇಯದ ನಾಲ್ಕು ಮಧ್ಯಾಹ್ನ

ನಾಲ್ಕನೆಯ ಬ್ರೆಡ್ಡೂ ಹೋಗಿತ್ತು.

ಶನಿವಾರ ಮಧ್ಯಾಹ್ನ ನಾಲ್ಕೂ ಹತ್ತಕ್ಕೆ ಟೀಚರ್ ಓವನ್ನಿನ ಗಾಜಿನ ಬಾಗಿಲಿಗೆ ಮೂಗು ತಾಗಿಸಿ ನೋಡಿದರು. ಒಳಗೆ ತಗಡಿನ ಅಚ್ಚಿನಲ್ಲಿ ಬ್ರೆಡ್ಡು ಮಲಗಿತ್ತು. ಬೆಳ್ಳಗೆ, ಮಂಕಾಗಿ, ನಡು ಕುಸಿದು. ಬಾಗಿಲ ಮೇಲಿನ ಪುಟ್ಟ ಪರದೆಯಲ್ಲಿ ಕೆಂಪಗೆ ಅದೇ ಗುರುತು: ಇ-7.

"ಮತ್ತೆ ಅದೇನಾ?" ಸೊಸೆಯೊಂದಿಗೆ ಆಗಷ್ಟೇ ಹೊರಗಿನಿಂದ ಬಂದ ಮಗ ಹಿಂದಿನಿಂದ ಕೇಳಿದ.

"ಅದೇ."

"ಆನ್ ಮಾಡಿದ್ಯಾ ಅಮ್ಮಾ?"

"ಮಾಡಿದ್ದೆ ಕಣೋ! ಇನ್ನೂರು ಡಿಗ್ರಿಗೆ ಇಟ್ಟೆ, ಅಚ್ಚು ಒಳಗಿಟ್ಟೆ, ಪುಸ್ತಕದಲ್ಲಿ ಗುರುತು ಹಾಕ್ದೆ, ಹೋಗಿ ಮಲಗ್ದೆ."

"ಆಮೇಲೆ ಎದ್ದು ಬಂದು ಏನೋ ಒತ್ತಿರ್ತೀಯ. ನೆನಪಿರಲ್ಲ, ಅಷ್ಟೆ."

ಮಗ ಗದರಲಿಲ್ಲ. ಗದರಿದ್ದರೇ ವಾಸಿಯಾಗಿತ್ತು. ಭುಜದ ಮೇಲೆ ಕೈಯಿಟ್ಟು, ಪುಟ್ಟ ಮಗುವಿಗೆ ಹೇಳುವ ಹಾಗೆ ಹೇಳಿದ. "ಸೋಮವಾರ ಓವನ್ ಯಾರಿಗಾದ್ರೂ ಕೊಟ್ಟುಬಿಡೋಣ. ಹಾಗೇ ಒಬ್ಬ ಡಾಕ್ಟರನ್ನ ನೋಡ್ಕೊಂಡು ಬರೋಣ. ನೆನಪಿನ ಡಾಕ್ಟರು."

ಟೀಚರ್ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಗಣಿತ ಕಲಿಸಿದವರು. ಎರಡು ವಾರದಿಂದ ಹಾಸಿಗೆಯಲ್ಲಿ ಯಾರಿಗೂ ಕೇಳದಂತೆ ಹದಿನೇಳರ ಮಗ್ಗಿ, ಹತ್ತೊಂಬತ್ತರ ಮಗ್ಗಿ ಹೇಳಿಕೊಂಡು ನೋಡುತ್ತಿದ್ದರು. ಒಂದೂ ತಪ್ಪುತ್ತಿರಲಿಲ್ಲ. ಹಾಗಾದರೆ ಆಡಿದ ಮಾತು ಮಾತ್ರ ಎಲ್ಲಿ ಹೋಗುತ್ತಿತ್ತು? ಒಂದು ವರ್ಷದಿಂದ ಅವರು ಏನು ಕೇಳಿದರೂ ಗಂಡನ ಬಾಯಲ್ಲಿ ಒಂದೇ ಉತ್ತರ: "ನೀನು ಹೇಳಲೇ ಇಲ್ವಲ್ಲ!" ಬೀಗದ ಕೈ ತರೋಕೆ ಹೇಳಿದ್ದು, ತಂಗಿ ಫೋನ್ ಮಾಡಿದ್ದು, ನಲ್ಲಿ ಸೋರುವುದು, ಯಾವುದನ್ನೂ ಹೇಳಿರಲಿಲ್ಲವಂತೆ.

ಆದರೆ ಇವತ್ತು ಅವರ ಪರ ನಿಂತದ್ದು ಅದೇ ಗಂಡ.

"ಅವಳದ್ದೇನೂ ತಪ್ಪಿಲ್ಲ. ಯಂತ್ರದ್ದೇ ತಪ್ಪು," ಎಂದು ಯಜಮಾನರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಕಾಲು ಗಂಟೆಯಲ್ಲಿ ಬೀದಿ ಮೂಲೆಯ ರಿಪೇರಿ ಅಂಗಡಿಯಿಂದ ಇಕ್ಕಳದಕ್ಕನನ್ನು ಕರೆತಂದರು.

ಇಕ್ಕಳದಕ್ಕ ಎಂದರೆ ಐವತ್ತರ ಹೆಂಗಸು. ತುರುಬಿನಲ್ಲಿ ಸ್ಕ್ರೂಡ್ರೈವರ್, ಸೊಂಟದಲ್ಲಿ ಇಕ್ಕಳ, ಗಂಟಲಲ್ಲಿ ಲಾರಿ ಇಂಜಿನ್. ಬಂದವಳು ಮೊದಲು ಓವನ್ನನ್ನು ಮುಟ್ಟಲಿಲ್ಲ. ಸತ್ತ ಬ್ರೆಡ್ಡನ್ನು ಬೆರಳಿನಿಂದ ಒತ್ತಿ ನೋಡಿದಳು.

"ಅಂಚು ಸ್ವಲ್ಪ ಬೆಂದಿದೆ. ಅಂದ್ರೆ ಟೀಚರ್ ಆನ್ ಮಾಡಿದ್ದು ನಿಜ. ಐದು ನಿಮಿಷ ಉರಿದು ಆಮೇಲೆ ನಿಂತಿದೆ."

ಟೀಚರ್ ಮಗನತ್ತ ನೋಡಿದರು. ಮಗ ಮೇಲೆ ಫ್ಯಾನ್ ನೋಡಿದ.

"ಈ ಗುರುತು ಬಂದಾಗ ಏನ್ ಮಾಡಿದ್ರಿ?"

"ಹತ್ತು ನಿಮಿಷ ಸ್ವಿಚ್ ಆರಿಸಿ ಮತ್ತೆ ಹಾಕ್ದೆ. ಸರಿಹೋಯ್ತು," ಎಂದ ಮಗ. "ಎರಡು ದಿನಕ್ಕೆ ಮತ್ತೆ ಬಂತು."

ಅವಳು ಸ್ವಿಚ್ ಆರಿಸಿ, ಮತ್ತೆ ಹಾಕಿದಳು. ಓವನ್ ಚೂಪಾಗಿ ಕಿರುಚಿತು—ಪೀಂ! ಮಗ ಕಿವಿ ಮುಚ್ಚಿಕೊಂಡ. ಸೊಸೆಯ ಕೈಯಿಂದ ಚಮಚ ಜಾರಿತು. ಕಿಟಕಿಯ ಮೇಲಿದ್ದ ಬೆಕ್ಕು ಹೊರಗೆ ಹಾರಿತು. ನಾಲ್ಕು ಹೆಜ್ಜೆ ದೂರದ ಮೇಜಿನ ಬಳಿ ಯಜಮಾನರು ಪತ್ರಿಕೆಯ ಹಾಳೆ ತಿರುಗಿಸಿದರು.

"ಓವನ್ ಪುಸ್ತಕ ಇದ್ಯಾ? ಇ-7 ಅಂದ್ರೆ ಏನಂತ ಬರೆದಿದ್ದಾರೆ, ಓದಿ ನೋಡೋಣ."

ಸೊಸೆ ತನ್ನ ಮೆಲುದನಿಯಲ್ಲಿ ಓದಿದಳು: "ಯಾವುದೋ ಒಂದು ಗುಂಡಿ ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿದ ಸ್ಥಿತಿಯಲ್ಲಿದೆ. ಸುರಕ್ಷತೆಗಾಗಿ ಬಿಸಿ ನಿಲ್ಲುತ್ತದೆ."

"ಗುಂಡಿ ಸಿಕ್ಕಿಕೊಂಡಿರಬೇಕು, ಇಲ್ಲಾ ನೀರು ಇಳಿದಿರಬೇಕು, ಇಲ್ಲಾ—" ಇಕ್ಕಳದಕ್ಕ ನಾಲ್ಕು ತಿರುಪು ಬಿಚ್ಚಿ ಗುಂಡಿಗಳ ಪಟ್ಟಿ ಕಳಚಿದಳು. ಒಂದೊಂದೇ ಗುಂಡಿ ಒತ್ತಿ ಬಿಟ್ಟಳು. ಎಲ್ಲವೂ ಟಕ್ಕನೆ ಮೇಲೆದ್ದವು.

ಸೊಸೆಯ ಮುಖ ಸಣ್ಣದಾಯಿತು. "ನೀರು ಅಂದ್ರೆ... ದಿನಾ ಒದ್ದೆ ಬಟ್ಟೇಲಿ ಒರೆಸೋಳು ನಾನೇ. ತಪ್ಪು ನಂದೇ ಇರ್ಬೇಕು. ಅತ್ತೆಗೆ ಏನೂ ಅನ್ಬೇಡಿ."

"ಎಷ್ಟು ಹೊತ್ತಿಗೆ ಒರೆಸ್ತೀಯಮ್ಮ?"

"ಬೆಳಿಗ್ಗೆ ಏಳಕ್ಕೆ."

"ಬ್ರೆಡ್ ಇಡೋದು ಮೂರೂವರೆಗೆ. ಅಷ್ಟರೊಳಗೆ ಒಣಗಿ ಬೂದಿಯಾಗಿರುತ್ತೆ. ಒಳಗೆ ಒಂದು ಹನಿ ಪಸೆ ಇಲ್ಲ. ಸುಮ್ನೆ ತಪ್ಪು ಹೊತ್ಕೋಬೇಡ."

ತಪ್ಪು ಹೊತ್ತುಕೊಳ್ಳಲು ಬಂದ ಸೊಸೆಯ ಕೈಯನ್ನು ಟೀಚರ್ ಮೆಲ್ಲಗೆ ಹಿಡಿದುಕೊಂಡರು.

"ಯಂತ್ರ ಸರಿಯಾಗಿದೆ," ಎಂದಳು ಇಕ್ಕಳದಕ್ಕ. "ಹಾಗಾದ್ರೆ ಉಳಿದದ್ದು ಬೆರಳು."

ಮಗ ಮೆತ್ತಗೆ ಕೆಮ್ಮಿದ. ಟೀಚರ್ ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಹಾಗಾದರೆ ನಿಜವಾಗಿಯೂ ನಿದ್ದೆಗಣ್ಣಿನಲ್ಲಿ ಎದ್ದು ಬಂದು...?

"ಟೀಚರ್, ಗುರುತು ಹಾಕೋ ಪುಸ್ತಕ ಕೊಡಿ."

ಕೊಟ್ಟರು. ಅವಳು ಹಾಳೆಯ ಮೇಲೆ ಕರಿ ಮೆತ್ತಿದ ಉಗುರು ಓಡಿಸಿದಳು.

"ವಾರಕ್ಕೆ ಮೂರು ಸಲ ಬ್ರೆಡ್. ಗುರುವಾರ ಕೆಟ್ಟಿದೆ. ಶನಿವಾರ ಕೆಟ್ಟಿದೆ. ಮಂಗಳವಾರ ಚೆನ್ನಾಗಿ ಬಂದಿದೆ. ಮತ್ತೆ ಈ ಗುರುವಾರ ಕೆಟ್ಟಿದೆ, ಇವತ್ತೂ ಕೆಟ್ಟಿದೆ. ಮಂಗಳವಾರದ ವಿಶೇಷ ಏನು?"

"ಏನಿಲ್ಲಪ್ಪ. ಅವತ್ತು ಇವರು ಚದುರಂಗ ಆಡೋಕೆ ಹೋಗ್ತಾರೆ. ಮಗ, ಸೊಸೆ ಮಧ್ಯಾಹ್ನ ಹೇಗೂ ಹೊರಗೆ. ಮನೇಲಿ ನಾನೊಬ್ಬಳೇ, ಅದಕ್ಕೆ ಮಲಗಲ್ಲ."

"ಎರಡು ವಾರಕ್ಕೆ ಮುಂಚೆ ಎಲ್ಲಾ ದಿನವೂ ಚೆನ್ನಾಗಿತ್ತಲ್ಲ?"

"ಆಗ ಮಂಡಿ ನೋವಿರಲಿಲ್ಲ. ಓವನ್ ಮುಂದೇನೇ ಕೂತಿರ್ತಿದ್ದೆ. ಈಗ ನಲವತ್ತು ನಿಮಿಷ ಬಾಗಿಲು ಹಾಕ್ಕೊಂಡು ಮಲಗ್ತೀನಿ. ಸರಿಯಾಗಿ ಎಚ್ಚರ ಆಗುತ್ತೆ. ಒಂದು ಪೀರಿಯಡ್ ಅಷ್ಟೇ ತಾನೆ!"

ಇಕ್ಕಳದಕ್ಕ ಪಟ್ಟಿಯನ್ನು ಮತ್ತೆ ಕೂರಿಸಿ, ಮೇಜಿನತ್ತ ತಿರುಗಿದಳು. ಲಾರಿ ಇಂಜಿನ್ ದನಿ ಏರಿತು.

"ಯಜಮಾನ್ರೇ! ಈ ಓವನ್‌ಗೆ ಅಲಾರಂ ಇಡೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಸ್ವಲ್ಪ ತೋರಿಸ್ತೀರಾ?"

ಯಜಮಾನರ ಮುಖ ಅರಳಿತು. ಕನ್ನಡಕ ಸರಿಮಾಡಿಕೊಂಡು ಎದ್ದು ಬಂದರು. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತು ವರ್ಷ ದುಡಿದವರು. ಗುಂಡಿ ಒತ್ತುವುದರಲ್ಲೂ ಒಂದು ಗತ್ತಿತ್ತು. ಬೆನ್ನು ನೆಟ್ಟಗೆ ಮಾಡಿ, ಹೆಬ್ಬೆರಳನ್ನು ಗುಂಡಿಯ ಮೇಲೆ ಊರಿದರು.

ಪೀಂ, ಎಂದಿತು ಓವನ್.

ಹೆಬ್ಬೆರಳು ಏಳಲಿಲ್ಲ.

"ಅವಸರ ಮಾಡ್ಬಾರದು," ಎಂದರು ಯಜಮಾನರು. "ಶಬ್ದ ಬರೋವರೆಗೆ ಬಿಡ್ಬಾರದು."

ಐದು ಸೆಕೆಂಡ್. ಎಂಟು. ಹತ್ತು. ಪೀಂ ಪೀಂ ಪೀಂ ಪೀಂ—ಓವನ್ ಬಾಯಿ ಬಾಯಿ ಬಡಿದುಕೊಂಡಿತು. ಪರದೆಯ ಮೇಲೆ ಕೆಂಪಗೆ ಮೂಡಿತು: ಇ-7.

"ನೋಡಿ, ಇವತ್ತೂ ಶಬ್ದ ಬರಲಿಲ್ಲ!" ಯಜಮಾನರು ಗೆದ್ದವರಂತೆ ಎಲ್ಲರನ್ನೂ ನೋಡಿದರು. "ನಾನು ಹೇಳಲಿಲ್ವಾ, ಯಂತ್ರದ್ದೇ ತಪ್ಪು ಅಂತ?"

ಮಗನ ಎರಡು ಬೆರಳು ಎರಡು ಕಿವಿಯಲ್ಲಿದ್ದವು.

"ಅಪರಾಧಿ ಸಿಕ್ಕ," ಎಂದಳು ಇಕ್ಕಳದಕ್ಕ. "ಪತ್ತೆ ಮಾಡೋಕೆ ನನ್ನನ್ನ ಕರ್ಕೊಂಡು ಬಂದವರೇ!"

"ಯಾರು? ನಾನಾ?"

"ಯಜಮಾನ್ರೇ, ಕ್ಯಾಬಿನ್ನಲ್ಲಿ ಗುಂಡಿ ಒತ್ತಿ ಹಿಡಿದು, ಆಚೆ ಸ್ಟೇಷನ್ನಿಂದ ಗಂಟೆ ಬರೋವರೆಗೂ ಬಿಡ್ತಿರಲಿಲ್ಲ ಅಲ್ವಾ? ಓವನ್ನೂ ಗಂಟೆ ಹೊಡೀತು. ನಿಮಗೆ ಕೇಳಿಸಲಿಲ್ಲ. ನೀವು ಬೆರಳು ತೆಗೀಲಿಲ್ಲ. ಗುಂಡಿ ಸಿಕ್ಕಿಕೊಂಡಿದೆ ಅಂತ ಓವನ್ ಹೆದರಿ ಬಿಸಿ ನಿಲ್ಲಿಸ್ತು. ಆಗ್ಲೇ ಸ್ವಿಚ್ ಹಾಕಿದಾಗ ಬೆಕ್ಕು ಕೂಡ ಓಡಿಹೋಯ್ತು, ನೀವು ಹಾಳೆ ತಿರುಗಿಸಿದ್ರಿ. ನನಗೆ ಅಲ್ಲೇ ಅನುಮಾನ. ನಿಮ್ಮ ಸೊಸೆ ಪುಸ್ತಕ ಓದಿದ್ದೂ ನಿಮಗೆ ಕೇಳಿಸಿರಲಿಲ್ಲ. ಕೇಳಿಸಿದ್ರೆ ಆಗ್ಲೇ ಒಪ್ಕೋತಿದ್ರಿ."

"ನನ್ನ ಕಿವಿಗೆ ಏನಾಗಿದೆ? ನಿಮ್ಮ ಮಾತೆಲ್ಲ ಕೇಳಿಸ್ತಿದೆಯಲ್ಲ!"

"ನನ್ನದು ದಪ್ಪ ಗಂಟಲು. ನಿಮ್ಮ ಮಗನದೂ ದಪ್ಪ. ಹೋಗಿರೋದು ಸಣ್ಣ ದನಿಗಳು ಮಾತ್ರ. ಬೀಪು, ಸೊಸೆ..." ಅವಳು ಟೀಚರತ್ತ ತಿರುಗಿದಳು. "ಟೀಚರು."

ಟೀಚರ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತರು.

"ಆದ್ರೆ ಅಪ್ಪಾ," ಎಂದ ಮಗ, "ಅಲಾರಂ ಇಡೋಕೆ ನೀನ್ಯಾಕೆ ಹೋದೆ? ನೀರು ಕಾಯಿಸೋಕೂ ಬರಲ್ಲ ನಿನಗೆ!"

ಯಜಮಾನರು ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಅವಳಿಗೆ ಮಂಡಿ ನೋವು. ಬ್ರೆಡ್ ನಾನೇ ತೆಗೆದಿಟ್ಟರೆ ಇನ್ನೊಂದು ಅರ್ಧ ಗಂಟೆ ಮಲಗಲಿ ಅಂತ. ಶಬ್ದ ಬರಲಿಲ್ಲ, ಸರಿ ಅಂತ ಕೈಗಡಿಯಾರ ನೋಡ್ಕೊಂಡು ಕೂತಿರ್ತಿದ್ದೆ. ಏನ್ ಮಾಡ್ಲಿ, ದಿನಾ ನನಗಿಂತ ಒಂದು ನಿಮಿಷ ಮುಂಚೆ ಎದ್ದು ಬಂದುಬಿಡ್ತಾಳೆ!"

ಸೊಸೆ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಇಕ್ಕಳದಕ್ಕ ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿದಳು. "ಓವನ್‌ಗೆ ರಿಪೇರಿ ಬೇಡ. ಯಜಮಾನ್ರನ್ನ ಒಂದು ಸಲ ಕಿವಿ ಡಾಕ್ಟರಿಗೆ ತೋರಿಸಿ," ಎಂದು ಮೆಟ್ಟಿಲಿಳಿದಳು.

ಮಗ ತಾಯಿಯ ಮುಂದೆ ಬಂದು ನಿಂತ. "ಅಮ್ಮಾ, ಸೋಮವಾರದ್ದು..."

"ಡಾಕ್ಟರನ್ನ ಬದಲಾಯಿಸು, ಸಾಕು. ದಿನ ಅದೇ ಇರಲಿ," ಎಂದರು ಟೀಚರ್. ಆಮೇಲೆ ಗಂಡನ ಕಡೆ ತಿರುಗಿ, ಒಂದು ವರ್ಷದಲ್ಲಿ ಮೊದಲ ಸಲ ತರಗತಿಯ ದನಿ ತೆಗೆದರು.

"ರೀ! ಯಾವ ಕಿವಿ ವಾಸಿ?"

"ಎಡಗಡೇದು... ಇರಬೇಕು."

ಟೀಚರ್ ಕುರ್ಚಿಯನ್ನು ಎಳೆದು ಅವರ ಎಡಕ್ಕೆ ಹಾಕಿಕೊಂಡು, ಗಟ್ಟಿಯಾಗಿ ಕುಳಿತರು.

"ಕೇಳಿಸ್ಕೊಳ್ಳಿ. ನಾನು ಹೇಳಲೇ ಇಲ್ಲ ಅಂದ್ರಲ್ಲ, ಅದನ್ನೆಲ್ಲ ಈಗ ಮೊದಲಿಂದ ಹೇಳ್ತೀನಿ. ಹೋದ ವರ್ಷ ಮಾರ್ಚ್ ನಾಲ್ಕು, ಬುಧವಾರ, ಬೆಳಿಗ್ಗೆ ಎಂಟೂ ಕಾಲು. ನಲ್ಲಿ ಸೋರ್ತಿದೆ ಅಂತ ಹೇಳಿದ್ದೆ..."