ನಲವತ್ತು ನಿಮಿಷದ ಅಮ್ಮ

"ಅಯ್ಯೋ, ಅಲ್ಲಿ ಕೂರ್ಬೇಡ! ಅದು ಬುಕ್ ಆಗಿದೆ!"

ನೊದೊಕಾ ಕೂಗಿದ್ದಕ್ಕೆ ರಿಕುತೊ ಗಾಬರಿಬಿದ್ದು ಎದ್ದ. ಎದ್ದ ರಭಸಕ್ಕೆ ತಲೆ ಹಿಮದ ಮನೆಯ ಚಾವಣಿಗೆ ಬಡಿಯಿತು. ಒಂದು ಹಿಡಿ ಹಿಮ ಉದುರಿ ಅವನ ಕತ್ತಿನೊಳಗೆ ಇಳಿಯಿತು.

"ಹೂಹೂಹೂ! ಇದೇನು ಬಸ್ಸಾ, ರಿಸರ್ವೇಶನ್ ಮಾಡ್ಸೋಕೆ?" ಅವನು ಅಂಗಿ ಕೊಡವುತ್ತಾ ಕುಣಿದಾಡಿದ. ಅವನ ಪುಟ್ಟ ತಂಗಿ ಮೊಮೊ ಚಪ್ಪಾಳೆ ತಟ್ಟಿದಳು.

"ಬಸ್ಸಲ್ಲೇ ಬರೋರಿಗೆ," ಎಂದಳು ನೊದೊಕಾ. ಅವನು ಕೂತಿದ್ದ ದಿಂಬನ್ನು ಮತ್ತೆ ತಟ್ಟಿ ಉಬ್ಬಿಸಿ, ಅಗ್ಗಿಷ್ಟಿಕೆಗೆ ಹತ್ತಿರವಾಗಿ ಇಟ್ಟಳು.

ಬಾಣಲೆಯನ್ನು ಕವುಚಿ ಹಾಕಿದಂತಿದ್ದ ಆ ಹಿಮದ ಮನೆಯನ್ನು ಕಟ್ಟಲು ಬೀದಿಯವರೆಲ್ಲ ಸೇರಿ ನಾಲ್ಕು ದಿನ ಹಿಡಿದಿತ್ತು. ಹಿಂಭಾಗದ ಗೋಡೆಯಲ್ಲಿ ಚೌಕನೆಯ ಗೂಡು. ಗೂಡಿನಲ್ಲಿ ಜಲದೇವರು, ಎರಡು ಮೇಣದಬತ್ತಿ, ಐದು ಕಿತ್ತಳೆ. ಮುಂದೆ ಕೆಂಡದ ಮೇಲೆ ಅಮಾಜಾಕೆಯ ಪಾತ್ರೆ. ಅಕ್ಕಿಯನ್ನು ಹುದುಗಿಸಿ ಮಾಡಿದ ಆ ಸಿಹಿಗಂಜಿಯ ಹಬೆ ಮೂಗಿಗೆ ಬಡಿದರೆ ಸಾಕು, ಕೈಬೆರಳುಗಳಿಗೆ ಜೀವ ಬರುತ್ತಿತ್ತು. ಪಕ್ಕದ ತಂತಿಬಲೆಯ ಮೇಲೆ ಮೋಚಿಗಳು, ಅಂಟಕ್ಕಿಯ ಬಿಲ್ಲೆಗಳು, ಬೆಂದು ಕಪ್ಪೆಯ ಗಂಟಲಿನ ಹಾಗೆ ಉಬ್ಬುತ್ತಿದ್ದವು.

ಜಲದೇವರ ಹಬ್ಬದ ಈ ಸಂಜೆ ಊರಿನ ಮಕ್ಕಳೇ ಹಿಮದ ಮನೆಗಳ ಯಜಮಾನರು. ಬೀದಿಯಲ್ಲಿ ಹೋಗುವವರು ಯಾರೇ ಇರಲಿ, ಅವರನ್ನು ಒಳಗೆ ಕರೆಯಬೇಕು. ದೇವರಿಗೆ ಕೈಮುಗಿಸಬೇಕು. ಬಿಸಿಯಾಗಿ ಕುಡಿಯಲು ಕೊಡಬೇಕು.

"ದನಿ ಎತ್ತಿ ಕರೀರಿ," ಎಂದು ಹೇಳಿ ನೊದೊಕಾಳ ಅಜ್ಜಿ ಆಗಷ್ಟೇ ಮನೆಗೆ ಹೋಗಿದ್ದಳು. "ಜಲದೇವರು ಹಿಮದ ಗೋಡೆ ಆಚೆ ಮಲ್ಕೊಂಡಿರ್ತಾನೆ. ನೀವು ಮನುಷ್ಯರನ್ನ ಕರೆಯೋ ದನಿ ಕೇಳಿದ್ರೇನೇ ಅವನು ಕಣ್ಣು ಬಿಡೋದು."

ಆದರೆ ನೊದೊಕಾ ಕಾಯುತ್ತಿದ್ದುದು ಒಬ್ಬರನ್ನೇ.

ನೊದೊಕಾಳ ಅಮ್ಮ ಟೂರ್ ಗೈಡು. ಹಿಮ ಬೀಳುವ ತಿಂಗಳುಗಳಲ್ಲಿ ಅವಳು ಮನೆಯಲ್ಲಿ ಇರುವುದೇ ಇಲ್ಲ. ಒಂದು ಊರಿನ ಹಿಮದ ಹಬ್ಬದಿಂದ ಇನ್ನೊಂದು ಊರಿನ ಹಿಮದ ಹಬ್ಬಕ್ಕೆ, ನಡುವೆ ಬಿಸಿನೀರಿನ ಬುಗ್ಗೆಗಳಿರುವ ಊರುಗಳಲ್ಲಿ ಬಿಡಾರ. ಐದು ದಿನಕ್ಕೆ ಒಂದು ಗುಂಪು ಇಳಿದರೆ ಮರುದಿನವೇ ಇನ್ನೊಂದು ಗುಂಪು ಹತ್ತುತ್ತದೆ. ಅಪ್ಪ ರಸ್ತೆಯ ಹಿಮ ಬಾಚುವ ಗಾಡಿ ಓಡಿಸುತ್ತಾನೆ. ರಾತ್ರಿಯಿಡೀ ಕೆಲಸ, ಹಗಲಿಡೀ ಗೊರಕೆ. ಹಾಗಾಗಿ ಚಳಿಗಾಲವೆಂದರೆ ನೊದೊಕಾ, ಅಜ್ಜಿ ಮತ್ತು ಫೋನು.

"ಇವತ್ತಿನ ಕೊಳದ ನೀರು ಹಾಲಿನ ಹಾಗಿದೆ ಕಣೇ," ಎನ್ನುತ್ತಾಳೆ ಅಮ್ಮ ಫೋನಿನಲ್ಲಿ. "ಕೊಳದ ಸುತ್ತ ಹಿಮ, ಮಧ್ಯ ಹಬೆ. ಹಬೆಯೊಳಗೆ ತಲೆಗಳು ಮಾತ್ರ ಕಾಣ್ತವೆ, ಕುಂಬಳಕಾಯಿ ತೇಲಿಬಿಟ್ಟ ಹಾಗೆ."

"ನೀನೂ ಇಳಿದ್ಯಾ?"

"ಗಿರಾಕಿಗಳೆಲ್ಲ ಮುಗಿಸ್ಲಿ. ಆಮೇಲೆ."

ಮೂರು ವರ್ಷದಿಂದ ಅಮ್ಮ ನೊದೊಕಾಳ ಹಿಮದ ಮನೆಯನ್ನು ನೋಡಿರಲಿಲ್ಲ. ಈ ಸಲ ಬಸ್ಸಿನ ದಾರಿ ಬದಲಾಗಿತ್ತು. ಸಂಜೆ ಐದೂವರೆಗೆ ಬಸ್ಸು ಇದೇ ಊರಿಗೆ ಬರುತ್ತದೆ. ಆರೂಹತ್ತಕ್ಕೆ ಹೊರಡುತ್ತದೆ. ನಲವತ್ತು ನಿಮಿಷ. "ಕೊನೇ ಹತ್ತು ನಿಮಿಷ ನಿಂಗೇ," ಎಂದಿದ್ದಳು ಅಮ್ಮ. "ಬೂಟು ಬಿಚ್ಚಿ ಒಳಗೆ ಬಂದು ಕೂತ್ಕೊಂಡು ನಿನ್ನ ಕೈಯಿಂದ್ಲೇ ಕುಡಿದು ಹೋಗ್ತೀನಿ."

ಆ ಹತ್ತು ನಿಮಿಷವನ್ನು ನೊದೊಕಾ ಎಷ್ಟು ಸಲ ಕನಸಿನಲ್ಲಿ ಕಂಡಿದ್ದಳೋ! ಕನಸಿನಲ್ಲಿ ಅದು ಒಂದು ಭಾನುವಾರದಷ್ಟು ಉದ್ದವಿರುತ್ತಿತ್ತು.

"ಬಂತು, ಬಂತು!" ಎಂದ ರಿಕುತೊ.

ಬೀದಿಯ ಕೊನೆಯಲ್ಲಿ ಹಳದಿ ಬಾವುಟವೊಂದು ಜನರ ತಲೆಗಳ ಮೇಲೆ ತೇಲಿ ಬರುತ್ತಿತ್ತು. ಬಾವುಟದ ಕೆಳಗೆ ಅಮ್ಮ.

"ಮಾನ್ಯರೇ, ನಿಮ್ಮ ಎಡಗಡೆಗೆ ಹಿಮದ ಮನೆಗಳನ್ನು ಕಾಣಬಹುದು. ನೆಲ ಜಾರುತ್ತದೆ, ದಯವಿಟ್ಟು ಪುಟ್ಟ ಹೆಜ್ಜೆ ಇಡಿ."

ನೊದೊಕಾಳಿಗೆ ಒಂದು ಥರಾ ಆಯಿತು. ದನಿ ಅಮ್ಮನದೇ. ಮಾತು ಮಾತ್ರ ಟಿವಿಯೊಳಗಿನ ಹೆಂಗಸಿನದು. ಅಮ್ಮ ಮನೆಯ ಮುಂದೆ ಹಾದುಹೋಗುವಾಗ ಬಾವುಟ ಹಿಡಿದ ಕೈಯ ಕಿರುಬೆರಳನ್ನು ಮಾತ್ರ ಎರಡು ಸಲ ಮಡಚಿ ಬಿಚ್ಚಿದಳು. ಬೇರೆ ಯಾರಿಗೂ ಅದು ಕಾಣಲಿಲ್ಲ.

ಜನ ಬಂದರು. ಕೂತರು, ಕುಡಿದರು, ಫೋಟೊ ತೆಗೆದರು, ಹೋದರು. ದಿಂಬಿನ ಮೇಲೆ ಯಾರನ್ನೂ ಕೂರಲು ಬಿಡದೆ ನೊದೊಕಾ ಅದರ ಮುಂದೆಯೇ ಮಂಡಿಯೂರಿದ್ದಳು. ಐದು ಐವತ್ತಾಯಿತು. ಒಳಗಿದ್ದವರು ಎದ್ದು ಹೊರಟರು. ಅಮ್ಮ ಬರಲು ಇನ್ನು ಹತ್ತೇ ನಿಮಿಷ. ಯಾರೂ ಬಾರದಿದ್ದರೆ ಸಾಕು.

ಬಾಗಿಲಲ್ಲಿ ಒಂದು ಕೋಲು ಕಾಣಿಸಿತು. ಆಮೇಲೆ ಕಂದು ಬಣ್ಣದ ಟೋಪಿ. ಆಮೇಲೆ ಒಬ್ಬ ಅಜ್ಜನ ಮುಖ.

"ಮಗೂ, ಇಲ್ಲಿ ಸ್ವಲ್ಪ ಕೂರಬಹುದಾ?"

"ಜಾಗ ಇಲ್ಲ," ಎಂದುಬಿಟ್ಟಳು ನೊದೊಕಾ.

ಅಜ್ಜ ಖಾಲಿ ಚಾಪೆಯನ್ನು ನೋಡಿದರು. ಖಾಲಿ ದಿಂಬನ್ನು ನೋಡಿದರು. "ಓ, ಹೌದಾ. ತೊಂದ್ರೆ ಇಲ್ಲ, ತೊಂದ್ರೆ ಇಲ್ಲ," ಎಂದು ಎರಡು ಸಲ ಹೇಳಿ, ತಾವೇ ತಲೆಬಾಗಿಸಿ ಹೊರಟುಹೋದರು.

ರಿಕುತೊನ ಬಾಯಿ ತೆರೆದೇ ಇತ್ತು. ಚಿಮಟದಲ್ಲಿದ್ದ ಮೋಚಿ ಕೆಂಡಕ್ಕೆ ಬಿತ್ತು.

"ಏಯ್! ಜಾಗ ಇಲ್ಲ ಅಂದ್ಯಾ? ಯಾರಾದ್ರೂ ಹಂಗಂತಾರಾ? ದೇವರೆದುರಿಗೇ?"

"ಹತ್ತೇ ನಿಮಿಷಕ್ಕಪ್ಪಾ! ಆಮೇಲೆ ಊರನ್ನೇ ಕರೀತೀನಿ."

ಮೊಮೊ ಗೂಡಿನ ಕಡೆ ತಿರುಗಿ, "ದೇವ್ರೇ, ಕೇಳಿಸ್ಕೊಬೇಡ," ಎಂದಳು.

ಆರು ಗಂಟೆಗೆ ಸರಿಯಾಗಿ ಅಮ್ಮನ ಬೂಟುಗಳು ಬಾಗಿಲಿಗೆ ಬಂದವು! ಅಮ್ಮ ಬಗ್ಗಿ ಲೇಸಿಗೆ ಕೈ ಹಾಕಿದಳು. ಹಾಕಿದವಳು ಅಭ್ಯಾಸಬಲದಿಂದ ಒಮ್ಮೆ ಹಿಂದಕ್ಕೆ ತಿರುಗಿ ತನ್ನ ಗುಂಪನ್ನು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಲೇಸಿನಿಂದ ಅವಳ ಕೈ ಮೇಲೆದ್ದಿತು.

"ಮೂವತ್ತೊಂದು," ಎಂದಳು ಅಮ್ಮ. "ಒಬ್ರು ಕಮ್ಮಿ ಇದಾರೆ. ಒನೊದೆರಾ ಅವರು ಕಾಣ್ತಿಲ್ಲ. ಕಂದು ಟೋಪಿ, ಕೈಯಲ್ಲಿ ಕೋಲು. ಮಂಡಿ ನೋವು ಬೇರೆ ಅವರಿಗೆ... ಈ ಕಡೆ ಬಂದಿದ್ರಾ?"

ರಿಕುತೊ ಕೆಂಡವನ್ನೇ ನೋಡುತ್ತಿದ್ದ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೊಮೊಗೆ ಒಂದು ಕಿತ್ತಳೆ ಕೊಟ್ಟರೆ ಅವಳೂ ಹೇಳುವುದಿಲ್ಲ.

"ನಾನೇ ಕಳಿಸ್ಬಿಟ್ಟೆ ಅಮ್ಮಾ," ಎಂದಳು ನೊದೊಕಾ. "ಜಾಗ ಇಲ್ಲ ಅಂದೆ. ನಿಂಗೆ ಅಂತ ಇಟ್ಟಿದ್ದೆ."

ಅಮ್ಮ ಬಯ್ಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಯಾವ ಕಡೆ ಹೋದ್ರು?" ಎಂದಷ್ಟೇ ಕೇಳಿದಳು.

"ಸ್ಕೂಲ್ ಕಡೆ."

ಅಮ್ಮ ಬೀದಿಯನ್ನು ನೋಡಿದಳು, ತನ್ನ ಮೂವತ್ತೊಂದು ಜನರನ್ನು ನೋಡಿದಳು. ಬಾವುಟ ಬಿಟ್ಟು ಹೋದರೆ ಇವರೂ ದಿಕ್ಕಿಗೊಬ್ಬರಾಗುತ್ತಾರೆ.

"ನಾನು ಕರ್ಕೊಂಡ್ಬರ್ತೀನಿ!" ನೊದೊಕಾ ಬೂಟಿಗೆ ಕಾಲು ತೂರಿಸಿ ಓಡಿದಳು.

ಅಕ್ಕಿ ಅಂಗಡಿಯ ಹಿಂದಿನ ಸಂದಿ, ಸೇತುವೆ, ಅದರಾಚೆ ಸ್ಕೂಲು. ಮೈದಾನದ ತುಂಬಾ ಮಕ್ಕಳು ಮಾಡಿಟ್ಟ ಅಂಗೈಯಗಲದ ನೂರಾರು ಹಿಮದ ಗೂಡುಗಳು, ಒಂದೊಂದರೊಳಗೂ ಒಂದೊಂದು ದೀಪ. ಆಕಾಶದ ನಕ್ಷತ್ರಗಳೆಲ್ಲ ಚಳಿ ತಾಳದೆ ನೆಲಕ್ಕಿಳಿದು ಮನೆ ಮಾಡಿಕೊಂಡಂತೆ. ಅವುಗಳ ನಡುವೆ ಒನೊದೆರಾ ಅಜ್ಜ ಕೋಲಿನ ಮೇಲೆ ಭಾರ ಹಾಕಿ ನಿಂತಿದ್ದರು.

"ತಾತಾ! ಬನ್ನಿ, ಬಸ್ ಹೊರಡತ್ತೆ," ಎಂದು ಏದುಸಿರು ಬಿಟ್ಟಳು. ಆಮೇಲೆ ನೆಲ ನೋಡುತ್ತಾ, "ಜಾಗ ಇತ್ತು. ನಾನು ಸುಳ್ಳು ಹೇಳ್ದೆ," ಎಂದಳು.

"ಗೊತ್ತಾಯ್ತು," ಎಂದು ಅಜ್ಜ ನಕ್ಕರು. "ನನ್ನ ಮಂಡಿ ಕೆಟ್ಟಿರೋದು. ಕಣ್ಣಲ್ಲ."

ಅವಳ ಕೈ ಹಿಡಿದು ಅಜ್ಜ ನಡೆದರು. ಆಮೆ ನಡಿಗೆ. ಸೇತುವೆಯ ಮೇಲೆ ಹಿಮ ಗಾಜಾಗಿತ್ತು. ಎಳೆದುಕೊಂಡು ಓಡಬೇಕೆನಿಸಿದರೂ ನೊದೊಕಾ ತನ್ನ ಹೆಜ್ಜೆಯನ್ನು ಅವರ ಹೆಜ್ಜೆಯಷ್ಟೇ ಪುಟ್ಟದು ಮಾಡಿಕೊಂಡಳು. ಒಂದು ಹೆಜ್ಜೆ. ಇನ್ನೊಂದು. ಹತ್ತು ನಿಮಿಷ ಮೇಣದ ಹಾಗೆ ಕರಗುತ್ತಿತ್ತು.

"ಅಲ್ಲ, ಬೇರೆ ಮನೆಗಳೂ ಇದ್ವು. ಅಲ್ಲಿಗೆ ಹೋಗ್ಬಹುದಿತ್ತಲ್ಲ ತಾತ?"

"ನಂಗೆ ಅದೇ ಮನೆ ಬೇಕಿತ್ತು. ನಮ್ಮ ಗೈಡಮ್ಮ ಬಸ್ಸಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿದ್ರು. 'ಅಕ್ಕಿ ಅಂಗಡಿ ಪಕ್ಕದ ಮನೆಗೆ ಹೋಗಿ. ಅಲ್ಲೊಬ್ಬಳು ಹುಡುಗಿ ಇದಾಳೆ. ಮೋಚಿ ಸುಡೋವಾಗ ನಾಲಿಗೆ ಹೊರಗೆ ಹಾಕ್ಕೊಂಡಿರ್ತಾಳೆ. ಗಂಜಿಗೆ ಒಂದು ಚಿಟಿಕೆ ಶುಂಠಿ ಜಾಸ್ತಿ ಹಾಕ್ತಾಳೆ. ನಕ್ಕರೆ ಎಡಗೆನ್ನೇಲಿ ಮಾತ್ರ ಗುಳಿ ಬೀಳತ್ತೆ.' ಮೂರು ದಿನದಿಂದ ಇದೇ ಪಾಠ! ಹಾಲಿನಂಥ ಕೊಳ ತೋರಿಸ್ತಾ ಅದನ್ನೇ ಹೇಳಿದ್ರು. ಹಿಮದ ಅರಮನೆ ತೋರಿಸ್ತಾನೂ ಅದನ್ನೇ. ನಮಗೆಲ್ಲ ಆ ಹುಡುಗಿ ಬಾಯಿಪಾಠ ಆಗ್ಬಿಟ್ಟಿದಾಳೆ."

ನೊದೊಕಾ ಅಜ್ಜನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ಮೂಗು ಸೋರುತ್ತಿತ್ತು. ಚಳಿಗಿರಬೇಕು.

ಬೀದಿ ತಲುಪಿದಾಗ ಆರೂ ಎಂಟು. ಉಳಿದವರು ಬಸ್ಸಿನ ಕಡೆಗೆ ಸಾಲಾಗಿ ಹೊರಟಿದ್ದರು. ಬಸ್ಸು ಬೀದಿಯ ತುದಿಯಲ್ಲೇ ನಿಂತಿತ್ತು.

"ಒಳಗೆ ಬನ್ನಿ ತಾತ. ದೇವರಿಗೆ ಕೈಮುಗೀರಿ," ಎಂದಳು ನೊದೊಕಾ.

"ಹೊತ್ತಾಯ್ತಲ್ಲ ಮಗೂ?"

"ಬನ್ನಿ."

ಅಜ್ಜ ಬೂಟು ಬಿಚ್ಚಿ ದಿಂಬಿನ ಮೇಲೆ ಕೂತು ಕಾಲು ಚಾಚಿದರು. ರಿಕುತೊ ಮೋಚಿ ಕೊಟ್ಟ. ನೊದೊಕಾ ಬಟ್ಟಲು ಕೊಟ್ಟಳು. ಅಜ್ಜ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಶುಂಠಿ," ಎಂದರು.

ಅಷ್ಟರಲ್ಲಿ ಬಾಗಿಲಿಗೆ ಅಡ್ಡವಾಗಿ ನೆರಳು ಬಿತ್ತು. ಅಮ್ಮ!

"ಮೂವತ್ತೆರಡು," ಎಂದು ಅಮ್ಮ ಉಸಿರು ಬಿಟ್ಟಳು. ಬೂಟು ಬಿಚ್ಚುವಷ್ಟು ಹೊತ್ತು ಇರಲಿಲ್ಲ. ಅಮ್ಮ ಹಿಮದಲ್ಲೇ ಮಂಡಿಯೂರಿ ಬಗ್ಗಿದಳು. ತಲೆ ಮತ್ತು ಹೆಗಲು ಒಳಗೆ, ಕಾಲುಗಳು ಹೊರಗೆ. ಬಲಗೈಯೂ ಹೊರಗೇ, ಬಾವುಟವನ್ನು ಮೇಲೆತ್ತಿ ಹಿಡಿದು. ಬಸ್ಸಿನ ಕಡೆ ಹೊರಟವರಿಗೆ ಅದು ಕಾಣುತ್ತಿರಬೇಕಲ್ಲ. ಒಳಗಿನ ಬೆಚ್ಚಗಿನ ಗಾಳಿಗೆ ಅವಳ ಕನ್ನಡಕ ಬೆಳ್ಳಗೆ ಮಂಜಾಯಿತು.

ನೊದೊಕಾ ಬಟ್ಟಲನ್ನು ಅಮ್ಮನ ತುಟಿಗೆ ಹಿಡಿದಳು. ಅಮ್ಮ ಗಟಗಟ ಕುಡಿದಳು.

"ಚಾವಣಿ ಎಷ್ಟು ಎತ್ತರ ಮಾಡ್ಬಿಟ್ಟಿದೀರೇ!" ಟಿವಿಯ ಹೆಂಗಸು ಹೋಗಿ ಅಮ್ಮ ಬಂದಿದ್ದಳು.

"ನಾನು ಎತ್ತರ ಆಗಿದೀನಲ್ಲಮ್ಮ."

ಅಮ್ಮ ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದಳು. "ಹೌದು ಕಣೇ," ಎಂದಳು ಮೆಲ್ಲಗೆ. "ಆಗಿದೀಯ."

ಒನೊದೆರಾ ಅಜ್ಜ ಒಮ್ಮೆ ಅಮ್ಮನ ಮುಖ ನೋಡಿದರು, ಒಮ್ಮೆ ನೊದೊಕಾಳ ಎಡಗೆನ್ನೆಯ ಗುಳಿ ನೋಡಿದರು. "ಓಹೋಹೋ," ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಬೂಟು ಹಾಕಿಕೊಳ್ಳಲು ಬಾಗಿಲ ಬಳಿ ಕೂತರು. ಲೇಸು ಕಟ್ಟಿದರು. ಬಿಚ್ಚಿದರು. ಮತ್ತೆ ಕಟ್ಟಿದರು.

ಬಸ್ಸು ಒಂದು ಸಲ ಹಾರ್ನ್ ಮಾಡಿತು.

"ನಮ್ಮ ಗೈಡಮ್ಮನ್ನ ಬಯ್ಯೋದು ಬೇಡ ಅಂತ ಡ್ರೈವರಪ್ಪಂಗೆ ಹೇಳಿ ಬಾರಪ್ಪಾ," ಎಂದರು ಅಜ್ಜ ರಿಕುತೊಗೆ. "ಮುದುಕನ ಲೇಸು ಗಂಟುಬಿದ್ದಿದೆ ಅಂತ ಹೇಳು."

ಗಂಟು ಬಿಚ್ಚಲು ಇನ್ನೂ ಎರಡು ನಿಮಿಷ ಬೇಕಾಯಿತು. ಅಷ್ಟೂ ಹೊತ್ತು ಅಮ್ಮನ ತಣ್ಣಗಿನ ಎಡಗೈ ನೊದೊಕಾಳ ಬಿಸಿ ಕೈಯೊಳಗಿತ್ತು.

ಆಮೇಲೆ ಬಸ್ಸು ಹೊರಟಿತು. ಅದರ ಕೆಂಪು ದೀಪಗಳು ತಿರುವಿನಲ್ಲಿ ಕರಗಿದವು. ಮುಂದೆ ಎಲ್ಲೋ ಬೆಟ್ಟದಾಚೆ, ಹಬೆಯೇಳುವ ಇನ್ನೊಂದು ಕೊಳ. ನೊದೊಕಾ ಬಾಗಿಲಲ್ಲೇ ಕೂತು ಖಾಲಿ ಬಟ್ಟಲುಗಳನ್ನು ಒರೆಸತೊಡಗಿದಳು.

"ರಿಕುತೊ, ಅಲ್ಲಿ ಅಮ್ಮಂಗೆ ಯಾರಾದ್ರೂ ಒಳಗೆ ಬನ್ನಿ ಅಂತಾರಾ?"

"ಹೋಟೆಲ್ಲಲ್ವಾ? ಎಲ್ರಿಗೂ ಅಂತಾರಪ್ಪ."

"ಗಿರಾಕಿಗಳಿಗೆ ಅಂತಾರೆ. ಬಾವುಟ ಹಿಡ್ಕೊಂಡೋರಿಗೆ?"

ರಿಕುತೊ ತಲೆ ಕೆರೆದುಕೊಂಡ.

ಅಷ್ಟರಲ್ಲಿ ಇನ್ನೊಂದು ಬಸ್ಸಿನ ಜನ ಬೀದಿಗೆ ಬಂದರು. ಎಲ್ಲ ಮನೆಗಳಿಂದಲೂ ಮಕ್ಕಳು ಕೂಗಿ ಕರೆಯತೊಡಗಿದರು. ಜನ ನಗುತ್ತಾ, ಬಗ್ಗುತ್ತಾ ಒಳಗೆ ಹೊಕ್ಕರು. ಬೀದಿಯ ನಡುವೆ ಒಬ್ಬನೇ ಒಬ್ಬ ಉಳಿದ. ಇನ್ನೂ ಮೀಸೆ ಸರಿಯಾಗಿ ಬಂದಿರದ ಅಣ್ಣ. ಕೈಯಲ್ಲಿ ನೀಲಿ ಬಾವುಟ, ಟೋಪಿಯ ಮೇಲೆ ಎರಡು ಬೆರಳಷ್ಟು ಹಿಮ. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಂತಿದ್ದ.

ನೊದೊಕಾ ದನಿ ಎತ್ತಿದಳು.

"ಬಾವುಟದಣ್ಣಾ! ಒಳಗೆ ಬನ್ನಿ!"

ಅವನು ಹಿಂದೆ ತಿರುಗಿ ನೋಡಿದ, ಬೇರೆ ಯಾರನ್ನೋ ಕರೆದಿರಬೇಕೆಂದು. "ನಾನಾ? ಇಲ್ಲ ಪುಟ್ಟಿ, ನಾನು ಗೈಡು. ಬಾವುಟ ಬಿಟ್ಟು ಬರೋ ಹಾಗಿಲ್ಲ."

"ಗೊತ್ತು," ಎಂದಳು ನೊದೊಕಾ, ಬಟ್ಟಲಿಗೆ ಬಿಸಿಯಾಗಿ ಸುರಿಯುತ್ತಾ. "ಅರ್ಧ ಬನ್ನಿ, ಸಾಕು."