ಕಾರಿಡಾರಿನಲ್ಲಿ ಮುಗಿದ ದರೋಡೆ

ಬರ್ನಿಸ್ ಲುಂಡ್‌ಳನ್ನು ಬಿಯರ್ ಕೋಣೆಯಿಂದ ಹೊರಗೆಳೆದಾಗ ಅವಳ ತುಟಿ ನೀಲಿಗಟ್ಟಿತ್ತು.

ನವೆಂಬರ್, ಜಿಂಕೆ ಬೇಟೆಯ ಮೊದಲ ದಿನ. ಹೆದ್ದಾರಿಯ ಮೇಲೆ ಓರ್ವಿಲ್ ಸ್ಕೋಗೆನ್‌ನ ಅಂಗಡಿ. ಗುಂಡು, ಬಿಯರ್, ಗಾಳಕ್ಕೆ ಸಿಕ್ಕಿಸುವ ಪುಟ್ಟ ಮೀನು, ಎಲ್ಲ ಅಲ್ಲೇ ಸಿಗುತ್ತದೆ. ಬೆಳಿಗ್ಗೆ ಕಾಫಿಗೆಂದು ನಿಲ್ಲಿಸಿದ ಲಾರಿ ಡ್ರೈವರ್ ಒಳಗೆ ಬಂದು ಕೂಗಿದ. ಗಲ್ಲಾದಲ್ಲಿ ಯಾರೂ ಇಲ್ಲ. ಹಿಂದೆ ಬಿಯರ್ ಇಡುವ ತಣ್ಣನೆಯ ಕೋಣೆಯ ಹಿಡಿಗೆ ಯಾರೋ ಹಿಮ ಬಾಚುವ ಸಲಿಕೆ ಸಿಕ್ಕಿಸಿದ್ದರು. ಒಳಗಿನಿಂದ ಬಾಗಿಲು ಬಡಿಯುವ ಸದ್ದು ಕ್ಷೀಣವಾಗಿ ಕೇಳುತ್ತಿತ್ತು.

ಬರ್ನಿಸ್ ಅಂಗಡಿಯ ಹಳೇ ಕೆಲಸದವಳು. ಅರವತ್ತು ದಾಟಿದ ಹೆಂಗಸು. ಎಡ ಮಣಿಕಟ್ಟು ಮುರಿದಿತ್ತು. ಕಿತ್ತಳೆ ಜಾಕೆಟ್, ಮುಖಕ್ಕೆ ಕಪ್ಪು ಮುಸುಕು, ಕೈಯಲ್ಲಿ ಬಂದೂಕು ಎಂದಷ್ಟೇ ಅವಳು ಹೇಳಿದಳು. ಥೂ, ಅದೂ ಒಂದು ಗುರುತೇ? ಬೇಟೆಗಾರರು ಒಬ್ಬರಿಗೊಬ್ಬರು ಎದ್ದು ಕಾಣಲೆಂದು ಕಿತ್ತಳೆ ಹಾಕಲೇಬೇಕು, ಕಾನೂನೇ ಹಾಗೆ. ಆವತ್ತು ನಮ್ಮ ಕೌಂಟಿಯಲ್ಲಿ ಕಿತ್ತಳೆ ಜಾಕೆಟ್ ಹಾಕದ ಗಂಡಸರೆಂದರೆ ಚರ್ಚಿನ ಪಾದ್ರಿ ಮತ್ತು ನಾನು.

ಷೆರಿಫ್‌ನ ಪೊಲೀಸರಿಗೆ ಅಷ್ಟು ಸಾಕಾಯಿತು. ರಸ್ತೆಬದಿಯಲ್ಲಿ ನಡೆದು ಹೋಗುತ್ತಿದ್ದ ರಾಂಡಿ ಕೋಸ್ಕಿಯನ್ನು ಹಿಡಿದರು. ಕಿತ್ತಳೆ ಜಾಕೆಟ್, ಮುಸುಕು, ಬಂದೂಕು. ಜೊತೆಗೆ ಹುಡುಗಾಟದ ವಯಸ್ಸಿನಲ್ಲಿ ಒಂದು ಮನೆಯ ಬೀಗ ಮುರಿದ ಹಳೇ ಕೇಸು. ಅವನನ್ನು ಬರ್ನಿಸ್ ಇದ್ದ ಆಂಬುಲೆನ್ಸ್ ಬಾಗಿಲಲ್ಲಿ ತಂದು ನಿಲ್ಲಿಸಿದರು. ನಡುಗುತ್ತಿದ್ದ ಬರ್ನಿಸ್, "ಇವ್ನೇ ಇರ್ಬೇಕು," ಎಂದಳು.

ಕದ್ದ ದುಡ್ಡು ಅವನ ಹತ್ತಿರ ಇರಲಿಲ್ಲ. ಕಾಡಲ್ಲಿ ಬಚ್ಚಿಟ್ಟಿರಬೇಕು ಎಂದು ಬರೆದುಕೊಂಡರು.

*

ನಮ್ಮ ಕೌಂಟಿಯ ದರೋಡೆ ಕೇಸುಗಳು ವಿಚಾರಣೆಗೆ ಬರುವುದೇ ಅಪರೂಪ. ಜ್ಯೂರಿ, ಪಾಟೀಸವಾಲು, ಮೇಜು ಗುದ್ದುವ ವಾದ, ಅವೆಲ್ಲ ಟೀವಿಯಲ್ಲಿ. ಇಲ್ಲಿ ಸರ್ಕಾರಿ ವಕೀಲ ಥೀಲೆನ್ ಕೋರ್ಟಿನ ಕಾರಿಡಾರಿನಲ್ಲಿ ಕಾಫಿ ಯಂತ್ರದ ಪಕ್ಕ ನಿಂತು ಒಂದು ದರ ಹೇಳುತ್ತಾನೆ. ತಪ್ಪೊಪ್ಪಿಕೊಂಡರೆ ಇಷ್ಟು ವರ್ಷ, ಹಠ ಹಿಡಿದು ಸೋತರೆ ಅಷ್ಟು. ನಾನು ದುಡ್ಡಿಲ್ಲದವರಿಗೆ ಸರ್ಕಾರ ಕೊಡುವ ವಕೀಲ. ಆ ದರವನ್ನು ಜೈಲಿನೊಳಗೆ ಹೊತ್ತುಕೊಂಡು ಹೋಗುವುದು ನನ್ನ ಪಾಲಿನ ಕೆಲಸ.

"ಒಪ್ಕೊಂಡ್ರೆ ಆರು ವರ್ಷ," ಎಂದೆ ರಾಂಡಿಗೆ. "ವಿಚಾರಣೆಗೆ ಹೋಗಿ ಸೋತ್ರೆ ನಲವತ್ತರವರೆಗೂ ಹೋಗ್ಬಹುದು."

"ವಿಚಾರಣೆ ಯಾವಾಗ ಸಾರ್?"

"ಬೇಸಿಗೆಗೆ."

"ಅಷ್ಟ್ರಲ್ಲಿ ಎಲ್ಸಿನ ಬೇರೆಯವ್ರಿಗೆ ಕೊಟ್ಬಿಡ್ತಾರಲ್ಲ!"

ಎಲ್ಸಿ ಅವನ ಮಗಳು. ನಾಲ್ಕು ವರ್ಷ. ತಾಯಿ ತೀರಿಹೋಗಿದ್ದಳು. ಜಾಮೀನಿಗೆ ದುಡ್ಡಿಲ್ಲದೆ ಅಪ್ಪ ಜೈಲಿಗೆ ಬಿದ್ದ ಮೇಲೆ ಕೌಂಟಿಯವರು ಮಗುವನ್ನು ಯಾರದೋ ಮನೆಯಲ್ಲಿ ಬಿಟ್ಟಿದ್ದರು. ಮಾರ್ಚ್ ಮುಗಿಯುವುದರೊಳಗೆ ಅಪ್ಪ ಹೊರಗೆ ಬರದಿದ್ದರೆ ಮಗು ಕಾಯಂ ಆಗಿ ಅವರದೇ. ಆರು ವರ್ಷಕ್ಕೆ ಒಪ್ಪಿದರೂ ಮಗಳು ಹೋದಳು. ನಿರಪರಾಧಿ ಎಂದು ಕಾದು ಕೂತರೂ ಮಗಳು ಹೋದಳು.

"ನಾನು ಮಾಡಿಲ್ಲ ಸಾರ್," ಎಂದ. ಎಲ್ಲರೂ ಹಾಗೇ ಹೇಳುತ್ತಾರೆ. ಇವನು ಅಳುತ್ತಾ ಹೇಳಿದ.

*

ನಮ್ಮ ಕಚೇರಿಯ ತನಿಖೆಗಾರ್ತಿ ಲೊರೆಟ್ಟಾ ಬಕ್. ಷೆರಿಫ್ ಕೈಕೆಳಗೆ ವರ್ಷಾನುಗಟ್ಟಲೆ ದುಡಿದು, ಜಗಳವಾಡಿ ಹೊರಬಂದವಳು.

ಮೊದಲು ಆಕೆ ಓರ್ವಿಲ್ ಕೆಲಸದಿಂದ ಓಡಿಸಿದ್ದ ಡೆನ್ನಿ ಎಂಬುವನ ಹಿಂದೆ ಬಿದ್ದಳು. ಓರ್ವಿಲ್ ಮೇಲೆ ಅವನಿಗೆ ಸಿಟ್ಟಿತ್ತು, ಅಂಗಡಿಯ ಮೂಲೆ ಮೂಲೆ ಗೊತ್ತಿತ್ತು. ಆದರೆ ಆವತ್ತು ಬೆಳಿಗ್ಗೆ ಅವನು ಕುಡಿದು ಗಾಡಿ ಓಡಿಸಿದ್ದಕ್ಕೆ ನಮ್ಮ ಜೈಲಿನಲ್ಲೇ ಮಲಗಿದ್ದ.

"ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?" ಎಂದು ನಾನು ರೇಗಿಸಿದೆ.

"ಬಾಯ್ಮುಚ್ಚು ಲಾಯರೇ. ಬರ್ನಿಸ್ ಮನೆಗೆ ಹೋಗೋಣ ನಡಿ."

ಬರ್ನಿಸ್ ಪಟ್ಟಿ ಕಟ್ಟಿದ ಕೈಯಲ್ಲೇ ಕಾಫಿ ಬಗ್ಗಿಸಿದಳು. ಆವತ್ತಿನಿಂದ ಅವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಕೇಳುವುದೇಕೆ? ಕೇಸು ಹೇಗೂ ಕಾರಿಡಾರಿನಲ್ಲಿ ಮುಗಿಯುತ್ತದಲ್ಲ.

"ಅವ್ನು ಏನಂದ?" ಲೊರೆಟ್ಟಾ ಕೇಳಿದಳು.

"ಒಂದು ಮಾತೂ ಆಡ್ಲಿಲ್ಲ ಕಣೇ. ಬಂದೂಕಲ್ಲೇ ಸನ್ನೆ. ನನ್ನ ದಬ್ದ, ಬಿದ್ದೆ, ಕೈ ಮುರೀತು. ಗಲ್ಲಾ ಮುಟ್ಲೇ ಇಲ್ಲ. ನೆಟ್ಟಗೆ ಮೀನಿನ ತೊಟ್ಟಿ ಹತ್ರ ಹೋಗಿ ಅಡಿಗೆ ಕೈ ಹಾಕಿ ದುಡ್ಡಿನ ಡಬ್ಬ ತೆಗ್ದ."

"ಡಬ್ಬ ಅಲ್ಲಿರೋದು ಯಾರಿಗೆ ಗೊತ್ತು?"

"ನಂಗೆ. ಓರ್ವಿಲ್‌ಗೆ. ಅವ್ರ ಮನೆಯವ್ರಿಗೆ. ಹೋದ ಬೇಸಿಗೇಲಷ್ಟೇ ಅಲ್ಲಿಗೆ ಬದಲಾಯಿಸಿದ್ದು."

"ಇನ್ನೇನಾದ್ರೂ?"

"ನಗ್ಬೇಡಿ ಮತ್ತೆ. ಹತ್ರ ಬಂದಾಗ ಘಮ್ಮಂತ ವಾಸನೆ. ಬಟ್ಟೆ ಒಗೆಯೋ ಸೋಪಿಂದು, ಹೂವಿನ ವಾಸ್ನೆ."

ಲೊರೆಟ್ಟಾ ಕಾಫಿ ಲೋಟ ಕೆಳಗಿಟ್ಟಳು. ನನಗೆ ತಲೆಬುಡ ತಿಳಿಯಲಿಲ್ಲ.

"ಪೇಟೆಯಲ್ಲಿ ಬೆಳೆದೋನು ನೀನು, ನಿಂಗೆಲ್ಲಿ ಗೊತ್ತಾಗ್ಬೇಕು," ಎಂದಳು ಕಾರಿಗೆ ಹತ್ತುವಾಗ. "ಬೇಟೆ ಜಾಕೆಟ್‌ನ ಇಲ್ಲಿ ಯಾರೂ ಸೋಪಲ್ಲಿ ಒಗೆಯಲ್ಲ. ಜಿಂಕೆಗೆ ಮೂಗು ಚುರುಕು. ಕಾಡಿನ ವಾಸನೆ ಹತ್ಲಿ ಅಂತ ವಾರಗಟ್ಟಲೆ ಹೊರಗಿನ ಷೆಡ್ಡಲ್ಲಿ ಫರ್ ಮರದ ಸೊಪ್ಪಿನ ಜೊತೆ ನೇತುಹಾಕ್ತಾರೆ."

ಸೀದಾ ಷೆರಿಫ್ ಕಚೇರಿಗೆ ಹೋದೆವು. ರಾಂಡಿಯ ಜಾಕೆಟ್ ಇನ್ನೂ ಮೊಹರು ಒಡೆಯದ ಚೀಲದಲ್ಲಿತ್ತು. ಅಲ್ಲಿನವರ ಎದುರಿಗೇ ಬಿಚ್ಚಿಸಿದೆವು. ಹೊಗೆ, ಮರದ ಅಂಟು, ಬೆವರು. ಸೋಪಿನ ಸುಳಿವೂ ಇರಲಿಲ್ಲ.

*

ಓರ್ವಿಲ್ ಗಲ್ಲಾದಲ್ಲಿ ಕೂತಿದ್ದ. ಅವನ ಅಳಿಯ ಕೈಲ್ ಹಿಂದೆ ಗುಂಡಿನ ಪೆಟ್ಟಿಗೆ ಜೋಡಿಸುತ್ತಿದ್ದ. ಮದುವೆಯಾಗಿ ಷಿಕಾಗೋದಿಂದ ಬಂದ ಹುಡುಗ.

"ಮೊದಲ ದಿನ ನಿಮ್ಮೋರೆಲ್ಲ ಎಲ್ಲಿದ್ರಿ?" ಲೊರೆಟ್ಟಾ ಕೇಳಿದಳು.

"ಎಲ್ಲಿರ್ತೀವಿ? ಬೇಟೆ ಗುಡಿಸಲಲ್ಲಿ! ಷೆರಿಫ್‌ಗೂ ಅದನ್ನೇ ಹೇಳ್ದೆ. ಅವ್ನೂ ಬೇಟೆಗಾರನೇ, ಮರುಪ್ರಶ್ನೆ ಹಾಕ್ಲಿಲ್ಲ."

"ಕೈಲ್‌ನೂ?"

ಓರ್ವಿಲ್ ಹೋ ಎಂದು ನಕ್ಕ. "ಅಯ್ಯೋ, ನಮ್ಮ ಅಳಿಯದೇವ್ರ ಕಥೆ ಕೇಳ್ಬೇಕು ನೀನು! ಪಾಪ, ನನ್ನ ಮಗಳು ಪ್ರೀತಿಯಿಂದ ಅವ್ನ ಜಾಕೆಟ್ ಒಗೆದು ಇಸ್ತ್ರಿ ಮಾಡಿದ್ಲು. ಗುಡಿಸಲೆಲ್ಲ ಹೂವಿನ ಅಂಗಡಿ! ಹೋಗಪ್ಪಾ, ನೀನಿದ್ರೆ ಈ ಜಿಲ್ಲೇಲಿ ಒಂದು ಜಿಂಕೆನೂ ನಿಲ್ಲಲ್ಲ ಅಂತ ಎಲ್ಲರೂ ಸೇರಿ ಅವ್ನನ್ನ ಹೆದ್ದಾರಿ ಪಕ್ಕದ ಮಚಾನಿಗೆ ಅಟ್ಟಿದ್ವಿ. ಒಬ್ಬನೇ..."

ಅಲ್ಲಿಗೆ ಮಾತು ನಿಂತಿತು. ನಗುವೂ ನಿಂತಿತು. ಓರ್ವಿಲ್ ನಿಧಾನವಾಗಿ ಹಿಂದೆ ತಿರುಗಿದ. ಕೈಲ್‌ನ ಕೈಯಿಂದ ಪೆಟ್ಟಿಗೆ ಜಾರಿ ಗುಂಡುಗಳು ನೆಲದ ಮೇಲೆ ಉರುಳಿದವು.

"ಗುಡಿಸಲಲ್ಲಿದ್ವಿ ಅಂದ್ರೆ ಏನರ್ಥ ಓರ್ವಿಲ್?" ಲೊರೆಟ್ಟಾ ದನಿ ಏರಿಸಲಿಲ್ಲ. "ಬೆಳಗಾಗೋ ಮುಂಚೆ ಒಬ್ಬೊಬ್ಬರೂ ಒಂದೊಂದು ಮರ ಹತ್ತಿ ಕೂರ್ತೀರಿ. ಊಟದ ಹೊತ್ತಿನವರೆಗೂ ಒಬ್ಬರ ಮುಖ ಒಬ್ಬರು ನೋಡಲ್ಲ. ಷೆರಿಫ್‌ಗೂ ಇದು ಗೊತ್ತು. ಗೊತ್ತಿದ್ದೂ ಕೇಳ್ಲಿಲ್ಲ. ಬಂದೋನು ಬಾಯಿ ಬಿಡ್ಲಿಲ್ಲ. ಯಾಕೆ? ಬರ್ನಿಸ್‌ಗೆ ಅವ್ನ ದನಿ ಗೊತ್ತು. ನೆಟ್ಟಗೆ ತೊಟ್ಟಿ ಅಡಿಗೆ ಕೈ ಹಾಕ್ದ. ಅದು ಮನೆಯವ್ರಿಗೆ ಮಾತ್ರ ಗೊತ್ತು. ಮೈಯೆಲ್ಲ ಸೋಪಿನ ವಾಸನೆ. ಈ ಊರಲ್ಲಿ ಆವತ್ತು ಹಾಗೆ ಘಮಘಮಿಸ್ತಿದ್ದ ಬೇಟೆಗಾರ ಒಬ್ಬನೇ. ನೀನೇ ಹೇಳ್ದೆಯಲ್ಲ."

"ಜೂಜಲ್ಲಿ ಸೋತಿದ್ದೆ ಮಾವ," ಕೈಲ್ ಬಿಕ್ಕಿದ. "ಅವ್ಳಿಗೆ ಪೆಟ್ಟಾಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಬೇಗ ಯಾರಾದ್ರೂ ಬಂದು ಬಾಗಿಲು ತೆಗೀತಾರೆ ಅಂತ..."

ಓರ್ವಿಲ್ ಅಳಿಯನ ಕೆನ್ನೆಗೆ ಬಾರಿಸಿದ. ಆಮೇಲೆ ಗಲ್ಲಾದ ಹಿಂದೆ ಕುಸಿದು ಕೂತ.

*

ಸಂಜೆಯೊಳಗೆ ಕೈಲ್‌ಗೆ ಮಿಲ್ವಾಕಿಯಿಂದ ದೊಡ್ಡ ವಕೀಲ ಬಂದ. ಠಾಣೆಯಲ್ಲಿ ಕೈಲ್ ತುಟಿ ಪಿಟಕ್ಕೆನ್ನಲಿಲ್ಲ. ಓರ್ವಿಲ್ ನಮಗೆ ಫೋನ್ ಮಾಡಿ, "ಮಗಳು ಬಸುರಿ. ನಾನೇನೂ ಕೇಳಿಸಿಕೊಂಡಿಲ್ಲ," ಎಂದು ಇಟ್ಟುಬಿಟ್ಟ.

ಆದರೂ ಥೀಲೆನ್ ದಡ್ಡನಲ್ಲ. ಮರುದಿನ ಬೆಳಿಗ್ಗೆ ಕಾಫಿ ಯಂತ್ರದ ಪಕ್ಕ ನಾನು ಹೇಳಿದ್ದನ್ನೆಲ್ಲ ಕೇಳಿದ, ತಲೆಯಾಡಿಸಿದ.

"ನಿನ್ನ ಹುಡುಗ ಮಾಡಿಲ್ಲ. ನಂಗೂ ಗೊತ್ತಾಯ್ತು."

"ಹಾಗಾದ್ರೆ ಇವತ್ತೇ ಕೇಸು ಕೈಬಿಡು."

"ಅದು ಹೇಗಾಗುತ್ತೆ? ಇಡೀ ಚಳಿಗಾಲ ಸುಮ್ಮನೆ ಕೂರಿಸಿದ್ರಿ ಅಂತ ನಾಳೆ ಕೌಂಟಿ ಮೇಲೆ ದಾವೆ ಹಾಕ್ತಾನೆ. ಕೈಲ್ ವಿಷಯ ಇತ್ಯರ್ಥ ಆಗ್ಲಿ, ಆಮೇಲೆ ನೋಡೋಣ. ಬೇಸಿಗೆ ಆಗ್ಬಹುದು. ಅವ್ನಿಗೂ ಒಂದು ದರ ಹೇಳೋದಿದೆ." ಲೋಟ ಬಿಸಾಕಿದ. "ಇಲ್ಲಾಂದ್ರೆ ಇನ್ನೊಂದು ದಾರಿ. ಪೊಲೀಸರು ನಿಲ್ಲು ಅಂದಾಗ ಓಡಿದ ಅಂತ ಸಣ್ಣ ಕೇಸು. ಒಪ್ಕೊಳ್ಳಲಿ. ಇಷ್ಟು ದಿನ ಕೂತಿದ್ದೇ ಶಿಕ್ಷೆ ಅಂತಾಗುತ್ತೆ, ದಾವೆ ಹಾಕೋಕೂ ಆಗಲ್ಲ. ಇವತ್ತೇ ಮನೆಗೆ."

"ಅವ್ನು ಓಡ್ಲೇ ಇಲ್ವಲ್ಲೋ! ಕೈ ಎತ್ತಿ ನಿಂತ ಅಂತ ನಿನ್ನ ಪೊಲೀಸರೇ ಬರೆದಿದಾರೆ!"

"ಅವ್ನನ್ನೇ ಕೇಳಿ ನೋಡು," ಎಂದ ಥೀಲೆನ್.

ನನಗೆ ಮೈ ಉರಿದುಹೋಯಿತು. ಲೊರೆಟ್ಟಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ನಾನು ಒಳಗೆ ಹೋಗಿ ರಾಂಡಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಕಳ್ಳ ಸಿಕ್ಕಿದ್ದಾನೆ, ಕಾದರೆ ನಿನ್ನ ಹೆಸರು ಪೂರ್ತಿ ಶುದ್ಧವಾಗುತ್ತದೆ ಎಂದೆ.

"ಇವತ್ತು ಬಿಡ್ತಾರಾ ಸಾರ್?" ಅವನು ಕೇಳಿದ್ದು ಅಷ್ಟೇ.

*

ಮಧ್ಯಾಹ್ನ ಜಡ್ಜ್ ಕನ್ನಡಕ ಸರಿಮಾಡಿಕೊಂಡು ಪದ್ಧತಿಯ ಪ್ರಶ್ನೆಗಳನ್ನು ಓದತೊಡಗಿದರು.

"ಪೊಲೀಸರು ನಿಲ್ಲು ಅಂದಾಗ ಓಡಿದ್ದು ನಿಜವೇನಪ್ಪ?"

"ನಿಜ ಸಾಹೇಬ್ರೇ. ಓಡಿದೆ."

"ಎಲ್ಲಿಗೆ ಓಡಿದೆ?"

ಅದನ್ನು ನಾವು ಅವನಿಗೆ ಹೇಳಿಕೊಟ್ಟಿರಲಿಲ್ಲ. ರಾಂಡಿ ನನ್ನ ಕಡೆ ನೋಡಿದ. ಥೀಲೆನ್ ತಲೆ ತಗ್ಗಿಸಿದ.

"ಮನೆ ಕಡೆಗೆ," ಎಂದ ರಾಂಡಿ. "ಮಗಳಿದ್ಲು."

ಜಡ್ಜ್ ಬರೆದುಕೊಂಡರು.

"ಹೀಗೆ ಒಪ್ಪಿಕೋ ಅಂತ ನಿನಗೆ ಯಾರಾದ್ರೂ ಆಸೆ ತೋರಿಸಿದಾರಾ? ಹೆದರಿಸಿದಾರಾ?"

"ಇಲ್ಲ ಸಾಹೇಬ್ರೇ," ಎಂದ ರಾಂಡಿ. "ಯಾರೂ ಇಲ್ಲ."